ಗದ್ದೆ ಕಾದ ಸೀಡಿ

ಹೆಂಡತಿ ಯಶೋದಮ್ಮ ತೀರಿಕೊಂಡು ಮೂರು ವರ್ಷ ಆಗುತ್ತಾ ಬಂದಾಗ ಬೆಸಗರಹಳ್ಳಿಯ ಜವರಯ್ಯನಿಗೆ ಒಂದು ದಿಗಿಲು ಹತ್ತಿಕೊಂಡಿತು. ಅವಳ ಮುಖ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಸೊಪ್ಪು ಸೋಸುವಾಗ ಕಾಲು ನೀಡಿ ಕೂರುತ್ತಿದ್ದ ಜಾಗ, ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಲ್ಲುತ್ತಿದ್ದ ರೀತಿ, ಎಲ್ಲ ಇತ್ತು. ದನಿ ಮಾತ್ರ ಕಿವಿಗೆ ಬರುತ್ತಿರಲಿಲ್ಲ. ಗದ್ದೆ ಬದುವಿನ ಮೇಲೆ ಕುಳಿತು ಎಷ್ಟು ನೆನೆದರೂ ಅವಳು ಬಯ್ದ ಮಾತುಗಳು ನೆನಪಾಗುತ್ತಿದ್ದವು, ಬಯ್ದ ದನಿ ನೆನಪಾಗುತ್ತಿರಲಿಲ್ಲ.

ದನಿಗೇ ಹೆಸರಾಗಿದ್ದವಳು ಅವಳು. ಸುತ್ತಲ ಹಳ್ಳಿಗಳಲ್ಲಿ ಮದುವೆಯಾದರೆ ಸೋಬಾನೆ ಹೇಳಲು ಇಬ್ಬರಿಗೆ ಕರೆ ಬರುತ್ತಿತ್ತು. ಹಿರಿಯಳಾದ ಪಟ್ಟಲಮ್ಮ ಪದ ಎತ್ತಿದರೆ, ಹಿಂದೆ ಕುಳಿತ ಯಶೋದಮ್ಮ ಅದನ್ನೇ ತಿರುಗಿ ಹೇಳುತ್ತ ಸೊಲ್ಲು ಹಿಡಿಯುತ್ತಿದ್ದಳು. ಹದಿನೆಂಟು ವರ್ಷದ ಹಿಂದೆ ಜಾನಪದ ಕಲೆಹಾಕುವ ಮೇಷ್ಟ್ರೊಬ್ಬರು ಬಂದು, ಜವರಯ್ಯನ ಜಗಲಿಯಲ್ಲೇ ಮೈಕು ನಿಲ್ಲಿಸಿ, ಇವರ ಹನ್ನೆರಡು ಪದ ಹಿಡಿದುಕೊಂಡು ಹೋಗಿ ಸೀಡಿ ಮಾಡಿಸಿದ್ದರು. ಮನೆಗೂ ಒಂದು ಕೊಟ್ಟಿದ್ದರು.

ಪದ ಹಿಡಿದ ದಿನ ಮೇಷ್ಟ್ರಿಗೆ ಎತ್ತುಗಳ ಕೊರಳ ಗಂಟೆಯದೇ ತಕರಾರು. “ಸದ್ದಾಗಬಾರದು ಜವರಯ್ಯನವರೇ” ಎಂದರು. ಇವನು ಜೋಡಿಯನ್ನು ಹುಲ್ಲಿನ ಮೆದೆಯ ಪಕ್ಕಕ್ಕೆ ಹೊಡೆದುಕೊಂಡು ಹೋಗಿ, ಎರಡೂ ಗಂಟೆಯನ್ನು ಎರಡು ಮುಷ್ಟಿಯಲ್ಲಿ ಅದುಮಿ ಹಿಡಿದು ಎರಡು ತಾಸು ನಿಂತಿದ್ದ. ಎಲ್ಲ ಮುಗಿದು ಮೇಷ್ಟ್ರು ಹೋದ ಮೇಲೆ ಯಶೋದಮ್ಮ ಕೇಳಿದಳು:

“ನಡೂಕೆ ಒಂದ್ಸಲ ಗಂಟೆ ಬುಟ್ರಲ್ಲ, ಯಾಕೆ?”

“ಯಾರು ಬುಟ್ಟೋರು? ಕಲ್ಲು ಇಡ್ದಂಗೆ ಇಡ್ದಿದ್ದೆ.”

“ಠಿಣ್ ಅಂತು. ನಂಗೆ ನಗು ತಡಿಯಾಕಾಗ್ನಿಲ್ಲ.”

“ನಿನ್ ಕಿವೀಲಿ ಅಂದಿರಬೇಕು ಬುಡು.”

ಅಲ್ಲಿಂದ ಶುರುವಾದ ವ್ಯಾಜ್ಯ ಅದು. ಟೀವಿಗೆ ಜೋಡಿಸಿದ ಪೆಟ್ಟಿಗೆಯಲ್ಲಿ ಸೀಡಿ ಹಾಕಿದಾಗಲೆಲ್ಲ ಅವಳು ನಾಲ್ಕನೇ ಪದಕ್ಕೆ ಮೊದಲು ಕೈ ಎತ್ತಿ “ಇದೋ, ಕೇಳಿ” ಎನ್ನುವಳು. ಇವನು ಸರಿಯಾಗಿ ಅದೇ ಹೊತ್ತಿಗೆ ಕೆಮ್ಮುವನು.

ಆಮೇಲೆ ಆ ಪೆಟ್ಟಿಗೆ ಕೆಟ್ಟಿತು. ಊರ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಮಗ ಯತೀಶ ಸೀಡಿಯ ಪದಗಳನ್ನು ಸ್ನೇಹಿತನ ಕಂಪ್ಯೂಟರಿನಲ್ಲಿ ಹಾಕಿ, ಸಣ್ಣದು ಮಾಡಿ, ತನ್ನ ಮೊಬೈಲಿನ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದ. ಮೊಬೈಲಿನಲ್ಲಿ ಕೇಳಿದರೆ ಗಂಟೆ ಇರಲೇ ಇಲ್ಲ. ಜವರಯ್ಯ ಗೆದ್ದವನಂತೆ ತೊಡೆ ತಟ್ಟಿದ. “ನೋಡು, ಎಲ್ಲೈತೆ? ಸುಳ್ಳಿ!” ಅದೇ ಗೆಲುವಿನಲ್ಲಿ, ಪದವೆಲ್ಲ ಮೊಬೈಲಿಗೆ ಬಂದ ಮೇಲೆ ಇದ್ಯಾಕೆ ಎಂದು, ಸೀಡಿಯನ್ನು ಗದ್ದೆಗೆ ತೆಗೆದುಕೊಂಡು ಹೋದ. ಭತ್ತ ಹಾಲುಗಟ್ಟುವ ಹೊತ್ತು. ಗುಬ್ಬಿ, ಗಿಣಿ ಬೆದರಲೆಂದು ಊರವರೆಲ್ಲ ಹಳೆಯ ಸೀಡಿಗಳನ್ನು ಬಿದಿರ ಗಳುವಿಗೆ ಕಟ್ಟುತ್ತಿದ್ದ ಕಾಲ. ಯಶೋದಮ್ಮ ತಡೆಯಲಿಲ್ಲ. “ಕಟ್ಟಿ, ಕಟ್ಟಿ. ನನ್ ದನಿ ಕೇಳಿ ಅಕ್ಕಿಗಳಾದ್ರೂ ಎದರ್ಕಳ್ಳಿ. ನೀವಂತೂ ಒಂದಿನಾನೂ ಎದರ್ನಿಲ್ಲ” ಎಂದು ನಕ್ಕಿದ್ದಳು.

ಈಗ ಜವರಯ್ಯ ಅದೇ ಮೊಬೈಲಿನ ಪದವನ್ನು ಕಿವಿಗೆ ಒತ್ತಿ ಹಿಡಿದು ಕೂರುವನು. ಪಟ್ಟಲಮ್ಮನ ದನಿ ಎದುರಿಗೇ ಕುಳಿತಂತೆ ಕೇಳುವುದು. ಹಿಂದಿನ ಸೊಲ್ಲು ಬಾವಿಯೊಳಗಿಂದ ಬಂದ ಹಾಗೆ, ನೀರು ಕುಡಿದ ಹಾಗೆ. ಅದು ಯಶೋದಮ್ಮನದೋ ಬೇರಾರದೋ ಎಂದು ಗುರುತೇ ಸಿಗದು. ಪಟ್ಟಲಮ್ಮನೂ ಹೋಗಿ ಬಹಳ ದಿನವಾಗಿತ್ತು. ಮೇಷ್ಟ್ರು ಎಲ್ಲಿದ್ದಾರೋ ತಿಳಿಯದು. ಊರಲ್ಲಿ ವಿಚಾರಿಸಿದರೆ ಆ ಸೀಡಿ ಇನ್ನಾರ ಮನೆಯಲ್ಲೂ ಇರಲಿಲ್ಲ. ತನ್ನದು ಬಿಸಿಲು ಮಳೆಗೆ ಕೆಟ್ಟೇ ಹೋಗಿರಬೇಕೆಂದು ಅವನು ಅದರ ಆಸೆ ಬಿಟ್ಟಿದ್ದ.

ಯತೀಶ ಅಪ್ಪನ ಸಂಕಟ ನೋಡಲಾರದೆ ಹೊಸದೊಂದು ಉಪಾಯ ಮಾಡಿದ. ಪಟ್ಟಲಮ್ಮನ ಮೊಮ್ಮಗ ಸಿದ್ದೇಶ ಆ ಪದಗಳನ್ನು ಹಾಡು ಕೇಳುವ ಒಂದು ಆ್ಯಪಿಗೆ ಹಾಕಿದ್ದ. ಆ ಆ್ಯಪಿನಲ್ಲಿ ಹೆಚ್ಚಿಗೆ ದುಡ್ಡು ಕಟ್ಟಿದರೆ ಚೂರೂ ನಷ್ಟವಿಲ್ಲದ ಅಸಲು ಸದ್ದು, ‘ಲಾಸ್‌ಲೆಸ್’, ಬರುತ್ತದಂತೆ. ಯತೀಶ ಕಟ್ಟಿದ. ಬ್ಲೂಟೂತ್ ಸ್ಪೀಕರೊಂದನ್ನೂ ತಂದ. ಅಪ್ಪ ಮಗ ಇಬ್ಬರೂ ಜಗಲಿಯಲ್ಲಿ ಕುಳಿತು ಕೇಳಿದರು. ಅದೇ ಬಾವಿ, ಅದೇ ನೀರು, ಸದ್ದು ಮಾತ್ರ ಜೋರು.

“ನಿನ್ ಅಸಲು ಇದೇನ್ಲಾ?” ಎಂದು ಜವರಯ್ಯ ಎದ್ದು ಹೋದ.

ಹೀಗಾಗಿ ಅವರು ಮದ್ದೂರಿನ ಅಕ್ರಂ ಪಾಷಾನ ಅಂಗಡಿ ಹುಡುಕಿಕೊಂಡು ಹೋದರು. ಪಾಷಾನ ಅಪ್ಪನ ಕಾಲದಲ್ಲಿ ಅದು ರೇಡಿಯೋ ರಿಪೇರಿ ಅಂಗಡಿ. ಅಕ್ರಂ ಪಾಷಾ ಬೆಳೆದ ಮೇಲೆ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಈಗ ಐವತ್ತೈದರ ಹತ್ತಿರ ಅವನಿಗೆ ಉಳಿದದ್ದು ಒಂದೇ ಹುಚ್ಚು, ಸದ್ದು. ಅಂಗಡಿಯ ಹಿಂದಿನ ಗೋಡೆಗೆ ತಾನೇ ಮರ ಕೊಯ್ಯಿಸಿ ಮಾಡಿದ ಆಳೆತ್ತರದ ಎರಡು ಸ್ಪೀಕರುಗಳಿದ್ದವು. ಅವಕ್ಕೆ ದಪ್ಪ ವೈರು ನೇರವಾಗಿ ಹೋಗಿತ್ತು. ಬ್ಲೂಟೂತಿನ ಹೆಸರೆತ್ತಿದರೆ ಅವನು ಹುಳಿ ಮಜ್ಜಿಗೆ ಕುಡಿದವನಂತೆ ಮುಖ ಮಾಡುತ್ತಿದ್ದ.

ಯತೀಶನ ಮೊಬೈಲಿನಲ್ಲಿ ಅರ್ಧ ಪದ ಕೇಳಿ ಅಕ್ರಂ ಪಾಷಾ ನಿಲ್ಲಿಸಿದ.

“ಇದು ಎಲ್ಲಿಂದ ಆ್ಯಪಿಗೆ ಓಯ್ತು?”

“ನಾನು ಕಾರ್ಡಿಗೆ ಆಕಿದ್ನಲ್ಲ, ಅದ್ನೇ ಸಿದ್ದೇಶನಿಗೆ ಕಳಿಸಿದ್ದೆ.”

“ಡೈರೀಲಿ ಕೆಲ್ಸ ಅಂತೀಯ. ಕೆನೆ ತಗುದ ಹಾಲನ್ನ ಬೆಳ್ಳಿ ಕ್ಯಾನಿಗೆ ಉಯ್ದು ತಂದ್ರೆ, ಫ್ಯಾಟು ಬತ್ತದೇನಪ್ಪ?”

ಯತೀಶ ತಲೆ ಕೆರೆದುಕೊಂಡ. “ಬರಾಕಿಲ್ಲ.”

“ಅಷ್ಟೇ. ಆ್ಯಪು ಸುಳ್ಳು ಏಳಿಲ್ಲ. ನೀನು ಕೊಟ್ಟಿದ್ದನ್ನ ಚೂರೂ ಚೆಲ್ಲದಂಗೆ ತಂದ್ಕೊಟ್ಟೈತೆ. ನೀನು ಕೊಟ್ಟಿದ್ದೇ ಕೆನೆ ತಗುದಿದ್ದು. ಸಣ್ಣದು ಮಾಡುವಾಗ ಮುಂದಿನ ದೊಡ್ಡ ದನಿ ಉಳಿಸ್ಕಂಡು ಹಿಂದಿನ ಸಣ್ಣ ದನೀನ ಕತ್ತರಿಸ್ತದೆ. ಯಾರೂ ಕೇಳಾಕಿಲ್ಲ ಅಂತ ಅದ್ರ ಲೆಕ್ಕ. ಸೀಡಿ ಎಲ್ಲಿ ಗೌಡ್ರೆ?”

ಜವರಯ್ಯ ನೆಲ ನೋಡಿದ. ಹೇಳಲೇಬೇಕಾಯಿತು. “ಗದ್ದೇಲಿ ಕಟ್ಟಿದ್ದೆ, ಸಾಬ್ರೆ. ಗುಬ್ಬಿ ಓಡ್ಸಾಕೆ.”

ಅಕ್ರಂ ಪಾಷಾ ನಗಲಿಲ್ಲ. “ಬಿಸಾಕಿದ್ರಾ?”

ಬಿಸಾಕುವ ಕೈ ಅಲ್ಲ ಜವರಯ್ಯನದು. ನಾಲ್ಕೈದು ಬೆಳೆ ಕಟ್ಟಿ, ಪ್ರತಿ ಸಲ ಕುಯ್ಲಾದ ಮೇಲೆ ಬಿಚ್ಚಿ, ಹುರಿ ಸುತ್ತಿ, ಪಂಪ್‌ಸೆಟ್ಟಿನ ಮನೆಯ ಮೊಳೆಗೆ ನೇತುಹಾಕುತ್ತಿದ್ದ. ಮಿನುಗುವ ಪ್ಲಾಸ್ಟಿಕ್ ಪಟ್ಟಿ ಬಂದ ಮೇಲೆ ಅವು ಅಲ್ಲೇ ಉಳಿದವು. ಮಾರನೆಯ ದಿನ ಅವನು ಇಡೀ ಗೊಂಚಲನ್ನೇ ಚೀಲದಲ್ಲಿ ತುಂಬಿಕೊಂಡು ಒಬ್ಬನೇ ಬಸ್ಸು ಹತ್ತಿದ.

ಅಕ್ರಂ ಪಾಷಾ ಗೊಂಚಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದ. ಸೀಡಿಗಳು ಒಂಟಿಯಾಗಿರಲಿಲ್ಲ. ಎರಡೆರಡನ್ನು ಬೆನ್ನಿಗೆ ಬೆನ್ನು ಕೊಟ್ಟು, ನಡುವಿನ ತೂತಿನಲ್ಲಿ ಹುರಿ ತೂರಿಸಿ ಬಿಗಿದು ಕಟ್ಟಲಾಗಿತ್ತು.

“ಇದ್ಯಾಕೆ ಇಂಗೆ ಕಟ್ಟಿದ್ರಿ?”

“ಒಂದು ಕಡೆ ಚಿತ್ರ ಇದ್ರೆ ಅದು ಮಿರಮಿರ ಅಂತ ಒಳೆಯಾಕಿಲ್ಲ. ಗಾಳಿಗೆ ತಿರುಗಿದಾಗ ಅರ್ಧ ಹೊತ್ತು ಗುಬ್ಬಿಗೆ ರಜ. ಅದ್ಕೇ ಚಿತ್ರ ಒಳೀಕೆ ಮಾಡಿ, ಎರಡೂ ಕಡೆ ಒಳೆಯಂಗೆ ಕಟ್ಟಿದ್ದೆ. ಊರಲ್ಲಿ ಬ್ಯಾರೆ ಯಾರೂ ಇಂಗೆ ಕಟ್ತಿರ್ನಿಲ್ಲ.”

ಅಕ್ರಂ ಪಾಷಾನ ಮುಖ ಅರಳಿತು. “ಗೌಡ್ರೆ, ಪದ ಇರೋದು ಎಲ್ಲಿ ಅಂದ್ಕಂಡಿದ್ದೀರಿ? ಒಳೆಯೋ ಕಡೆ ಅಲ್ಲ. ಈ ಚಿತ್ರದ ಬೆನ್ನಿಗೇ ಅಂಟ್ಕಂಡದೆ. ಒಳೆಯೋದು ಬರೀ ಕಿಟಕಿ ಗಾಜಿದ್ದಂಗೆ, ಗೀರು ಬಿದ್ರೆ ಉಜ್ಜಬೋದು. ಚಿತ್ರದ ಕಡೆ ಗೀರು ಬಿದ್ರೆ ಮುಗೀತು, ಮನೆಯೇ ಬಿದ್ದಂಗೆ. ನೀವು ಗೊತ್ತಿಲ್ದೆ ಮನೇನ ಒಳಗಿಟ್ಟು ಗಾಜ ಬಿಸಿಲಿಗೆ ಒಡ್ಡೀರಿ.”

ಐದನೆಯ ಜೋಡಿ ಬಿಚ್ಚಿದಾಗ ಸಿಕ್ಕಿತು. ಕಳಶದ ಚಿತ್ರ ಬಣ್ಣ ಮಾಸದೆ ಹಾಗೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಹೆಸರು. ಎರಡನೆಯದನ್ನು ಜವರಯ್ಯ ಅಕ್ಷರ ಕೂಡಿಸಿ ಓದಿಕೊಂಡ. ಮುಟ್ಟಲು ಕೈ ಚಾಚಿದರೆ ಅಕ್ರಂ ಪಾಷಾ ಹಿಂದಕ್ಕೆ ಎಳೆದುಕೊಂಡ. “ಬ್ಯಾಡ. ನಿಮ್ ಅಂಗೈ ಉಪ್ಪುಕಾಗ್ದ ಇದ್ದಂಗೈತೆ, ಗೀರು ಬೀಳ್ತದೆ.”

ಆ ಮೇಲಿನ ನಾಲ್ಕು ದಿನ ಜವರಯ್ಯ ಬೆಳಗಿನ ಬಸ್ಸಿಗೆ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಅವನು ಒಳ್ಳೆಯ ಕೆಲಸಗಾರರನ್ನು ಕಂಡವನು. ನೇಗಿಲು ಹೂಡಿದರೆ ದಾರ ಹಿಡಿದಂತೆ ಸಾಲು ಬಿಡುವವರನ್ನು, ಕಣ್ಣಳತೆಯಲ್ಲೇ ಗದ್ದೆಯ ಮಟ್ಟ ಹೇಳುವವರನ್ನು ಕಂಡಿದ್ದ. ಈ ಸಾಬರ ಕೆಲಸವೂ ಅಂಥದ್ದೇ ಎಂದು ಮೊದಲ ಗಂಟೆಯಲ್ಲೇ ಅವನಿಗೆ ತಿಳಿಯಿತು. ಅಕ್ರಂ ಪಾಷಾ ಸೀಡಿಯನ್ನು ತಣ್ಣೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಗೆ ಪಾಲಿಶ್ ಹಚ್ಚಿ, ನಡುವಿನಿಂದ ಅಂಚಿಗೆ, ಸೈಕಲ್ ಚಕ್ರದ ಕಡ್ಡಿಗಳಂತೆ ನೇರ ನೇರ ಒರೆಸಿದ. ಒಮ್ಮೆಯೂ ಸುತ್ತ ಉಜ್ಜಲಿಲ್ಲ. ಹೀಗೆ ಅರ್ಧ ದಿನ. ಹೆಂಡತಿ ಜೈನಾಬ್ ಬೀ ಕಳಿಸಿದ ಚಹಾ ಎರಡು ಸಲ ಆರಿಹೋಯಿತು.

ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿದ. ಎರಡನೆಯ ದಿನ ಡೈರಿ ಕೆಲಸ ಮುಗಿಸಿ ಬಂದ ಯತೀಶನಿಗೆ ಆಶ್ಚರ್ಯ. “ಇನ್ನೂ ಮೂರನೇ ಪದಾನಾ? ನಾನು ಅವತ್ತು ಐದು ನಿಮಿಷಕ್ಕೆ ಪೂರ್ತಿ ಇಳಿಸಿದ್ದೆ, ಅಣ್ಣ!”

“ಇಳಿಸಿರ್ತೀಯ. ಬಿರಬಿರನೆ ಓಡೋವಾಗ ಅದಕ್ಕೆ ಓದಕ್ಕೆ ಬರದಿದ್ರೆ ಅಕ್ಕಪಕ್ಕ ನೋಡಿ ಅಂದಾಜು ತುಂಬಿಬುಡ್ತದೆ. ನಿಂಗೆ ಏಳೋದೂ ಇಲ್ಲ. ನಾನು ಮೆಲ್ಲುಗೆ ಬುಟ್ಟೀವ್ನಿ. ಒಂದೊಂದು ತುಣುಕನ್ನೂ ಮತ್ತೆ ಮತ್ತೆ ಓದಿಸ್ತದೆ. ಆಮೇಲೆ ಆ ಕಡೆ ಇರೋ ಇನ್ನೊಂದು ಡ್ರೈವಲ್ಲಿ ಆಕಿ ಮೊದಲಿಂದ ಓದಿಸ್ತೀನಿ. ಎರಡರದ್ದೂ ಒಂದೇ ನಂಬರು ಬಂದ್ರೆ ಮಾತ್ರ ನಂಬಿಕೆ.”

ಜವರಯ್ಯ ಸ್ಟೂಲಿನಿಂದಲೇ ಮಗನಿಗೆ ತಿಳಿಸಿ ಹೇಳಿದ. “ಕಬ್ಬು ತೂಗ್ಸಲ್ವೇನ್ಲಾ? ದಾರೀಲಿ ಒಂದು ತೂಕ, ಆಲೆ ಬಾಗ್ಲಲ್ಲಿ ಒಂದು ತೂಕ. ಎರಡೂ ಒಂದೇ ಬಂದ್ರೆ ತಾನೆ ಎದೆ ತಣ್ಣಗಾಗೋದು. ಅಂಗೆ.”

“ಗೌಡ್ರು ನಂಗಿಂತ ಚೆಂದಾಗಿ ಏಳ್ತಾರೆ” ಎಂದ ಅಕ್ರಂ ಪಾಷಾ.

ಓದಿದ್ದನ್ನು ಅವನು ಫ್ಲ್ಯಾಕ್ ಎಂಬ ಹೆಸರಿನ ಕಡತವಾಗಿ ಇಡುತ್ತಿದ್ದ. ಅದೇನೆಂದು ಜವರಯ್ಯ ಕೇಳಿದ್ದಕ್ಕೆ, “ಸೀರೆ ಮಡಚಿಟ್ಟಂಗೆ. ಜಾಗ ಕಮ್ಮಿ ಹಿಡೀತದೆ, ಬಿಚ್ಚಿದ್ರೆ ಒಂದು ಎಳೆಯೂ ಓಗಿರಾಕಿಲ್ಲ. ನಿಮ್ ಮಗ ಮಾಡಿದ್ದು, ಪೆಟ್ಟಿಗೇಲಿ ಇಡಿಸ್ನಿಲ್ಲ ಅಂತ ಸೆರಗು ಕತ್ತರಿಸಿದಂಗೆ” ಎಂದ. ಯತೀಶ ಪಾಪ, ಮೂಲೆಯಲ್ಲಿ ನಕ್ಕ.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ರಂ ಪಾಷಾ ಕುರ್ಚಿ ತಿರುಗಿಸಿದ. ಮುಖ ಸಪ್ಪಗಿತ್ತು.

“ಅನ್ನೊಂದು ಪದ ಪೂರ್ತಿ ತಾಳೆ ಆದವು. ಒಂಬತ್ತನೇದ್ರಲ್ಲಿ ಒಂದು ಕಡೆ, ಅರ್ಧ ಉಸಿರಿನಷ್ಟು, ಎಷ್ಟು ಸಲ ಓದಿಸಿದ್ರೂ ತಾಳೆ ಬತ್ತಾ ಇಲ್ಲ. ಅಂದಾಜಲ್ಲಿ ತುಂಬಿದ್ರೆ ನಿಮ್ಗೆ ಗೊತ್ತೂ ಆಗಾಕಿಲ್ಲ. ಆದ್ರೆ ಅದು ನಿಮ್ ಮನೆಯೋರ ದನಿ ಅಲ್ಲ, ಮಿಸೀನಿನದು. ನಾನು ತುಂಬ್ನಿಲ್ಲ. ಖಾಲಿ ಬುಟ್ಟು ಚೀಟೀಲಿ ಬರ್ದೀವ್ನಿ.”

ಜವರಯ್ಯ ಅವನನ್ನೇ ನೋಡಿದ. ಹೇಳದಿದ್ದರೆ ಯಾರಿಗೂ ತಿಳಿಯದ ಅರ್ಧ ಉಸಿರಿಗಾಗಿ ಈ ಮನುಷ್ಯ ತಾನೇ ತಪ್ಪು ಮಾಡಿದವನ ಹಾಗೆ ಕುಳಿತಿದ್ದ. “ಬುಡಿ ಸಾಬ್ರೆ” ಎಂದ. “ಅವಳೂ ಸುಳ್ಳು ಸೇರಿಸೋಳಲ್ಲ.”

ಅಕ್ರಂ ಪಾಷಾ ಬೀದಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಆಳೆತ್ತರದ ಸ್ಪೀಕರುಗಳ ಎದುರಿಗೆ ಸ್ಟೂಲು ಹಾಕಿಕೊಟ್ಟ. ಮೊದಲು ಏನೂ ಇರಲಿಲ್ಲ. ಆದರೆ ಆ ಏನೂ ಇಲ್ಲದ್ದು ಖಾಲಿಯಾಗಿರಲಿಲ್ಲ. ಅದು ಅವನ ಜಗಲಿಯಾಗಿತ್ತು. ದೂರದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಪಟ್ಟಲಮ್ಮ ಗಂಟಲು ಸರಿಮಾಡಿಕೊಂಡು ಪದ ಎತ್ತಿದಳು. ಅವಳ ಬಲಗಡೆ, ಎರಡು ಮೊಳ ಹಿಂದೆ, ಗಾಜಿನ ಬಳೆ ಸರಿದವು. ಬಳೆಯ ಹಿಂದೆಯೇ ಸೊಲ್ಲು ಬಂತು, ತುಸು ಒಡಕಿನ, ಕೊನೆಯಲ್ಲಿ ಮೇಲಕ್ಕೆ ಚಿಮ್ಮುವ ದನಿ. ಬಾವಿಯಿಂದಲ್ಲ, ಜಗಲಿಯ ಕಂಬದ ಪಕ್ಕದಿಂದ. ಅದೇ ದನಿಯಲ್ಲೇ ಅವಳು ಬಯ್ಯುತ್ತಿದ್ದುದು. ಜವರಯ್ಯನ ಕೈ ತಾನಾಗಿ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು. ಅವನು ಅಳಲಿಲ್ಲ. ಕಿವಿ ಅಲ್ಲಾಡೀತು ಎಂಬಂತೆ ಕುತ್ತಿಗೆ ನೆಟ್ಟಗೆ ಮಾಡಿ ಕುಳಿತ.

ಮೂರನೇ ಪದ ಮುಗಿಯಿತು. ಕೆಮ್ಮಬೇಕಾದ ಜಾಗ ಬಂತು. ಅವನು ಕೆಮ್ಮಲಿಲ್ಲ.

ಠಿಣ್.

ಬಹಳ ದೂರದಲ್ಲಿ, ಹುಲ್ಲಿನ ಮೆದೆಯ ಪಕ್ಕದಲ್ಲಿ, ಒಂದೇ ಸಲ. ಹಿಂದೆಯೇ ಮೂಗಿನಲ್ಲಿ ತಡೆದ ಒಂದು ನಗು, ತುಟಿ ಬಿಗಿಹಿಡಿದ ಹೆಂಗಸಿನದು. ಆಮೇಲೆ ನಾಲ್ಕನೇ ಪದ.

“ನಿಲ್ಸಿ, ನಿಲ್ಸಿ” ಎಂದ ಜವರಯ್ಯ. “ಆ ಗಂಟೆತಾವಿಂದ ಇನ್ನೊಂದ್ಸಲ ಆಕಿ.”

ಅಕ್ರಂ ಪಾಷಾ ಗಾಬರಿಯಾದ. “ಗಂಟೆ ಬಂದದೆ, ಊ. ಪಾಲಿಶ್ ತಪ್ಪಲ್ಲ ಗೌಡ್ರೆ, ಅದು ಅಸಲಲ್ಲೇ ಐತೆ. ಬೇಕಿದ್ರೆ ತಗೀಬೋದು, ಆದ್ರೆ...”

“ಮುಟ್ಟೀರಿ, ಉಸಾರು! ಕೈ ಬೆವೆತು ಜಾರ್ತು. ನಾನೇ ಬುಟ್ಟಿದ್ದು.”

ಏಳು ಸಲ ಹಾಕಿಸಿಕೊಂಡ.

ಸಂಜೆ ಬಸ್ಸಿನಲ್ಲಿ ಹೊಸ ಡಬ್ಬಿಯೊಳಗಿನ ಸೀಡಿಯನ್ನು, ಚಿತ್ರದ ಕಡೆಗೆ ಏನೂ ತಾಕದಂತೆ, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. ಪೆನ್‌ಡ್ರೈವು ಅಂಗಿಯ ಒಳಜೇಬಿನಲ್ಲಿತ್ತು. ಮನೆಗೆ ಬಂದಾಗ ಸೊಸೆ ವೀಣ ಒಲೆಯ ಮುಂದಿದ್ದಳು. ಅವನು ಅಡುಗೆಮನೆಯ ಹೊಸಿಲಲ್ಲೇ ನಿಂತು, ಕೋರ್ಟಿನಲ್ಲಿ ನಿಂತವನಂತೆ ಹೇಳಿದ:

“ಆ ಗಂಟೆ ನಾನೇ ಬುಟ್ಟಿದ್ದು ಕಣವ್ವ. ನಿಮ್ಮತ್ತೆ ಏಳಿದ್ದು ದಿಟ.”

ವೀಣ ತಿರುಗಿ ನೋಡದೆ ಮುದ್ದೆ ತಿರುವುತ್ತಲೇ ಇದ್ದಳು. “ಗೊತ್ತು ಬುಡಿ ಮಾವ. ಅತ್ತೆ ನಂಗೆ ಎಂದೋ ಏಳವ್ರೆ. ‘ಒಪ್ಕಳಾಕಿಲ್ಲ ನಿಮ್ಮಾವ, ನೀನೂ ಏನೂ ಕೇಳಬ್ಯಾಡ’ ಅಂದಿದ್ರು.”

ಜವರಯ್ಯ ಹೊಸಿಲ ಮೇಲೇ ಕುಳಿತುಕೊಂಡ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ:

“ಇನ್ನೂ ಏನೇನ್ ಏಳವ್ಳೆ?”