ಕೀಲಿಕೈಗೆ ಕುಂಕುಮ

ನಾನು ಒಂದು ಡೇಟಾಬೇಸ್. ಹೆಸರು ಕೇಳಿ ಹೆದರಬೇಡಿ. ಅಚ್ಚುಕಟ್ಟಾದ ಉಗ್ರಾಣ ಅಂದುಕೊಂಡರೆ ಸಾಕು. ನಿಮ್ಮ ಉಗ್ರಾಣದ ಡಬ್ಬಿಗಳಲ್ಲಿ ಅಕ್ಕಿ ಬೇಳೆ ಇರುತ್ತದೆ, ನನ್ನ ಡಬ್ಬಿಗಳಲ್ಲಿ ಜನರ ವಿವರ ಇರುತ್ತದೆ. ಇಂಥದ್ದು ಬೇಕು ಎಂದು ಕೇಳಿದರೆ ರೆಪ್ಪೆ ಬಡಿಯುವುದರೊಳಗೆ ತೆಗೆದುಕೊಡುತ್ತೇನೆ. ಆ ವಿಷಯದಲ್ಲಿ ನನ್ನನ್ನು ಮೀರಿಸುವ ಮನುಷ್ಯರಿಲ್ಲ, ಸುಳ್ಳು ವಿನಯ ನನಗೆ ಬರುವುದಿಲ್ಲ.

ನಾನಿರುವುದು ಕ್ಲೌಡ್‌ನಲ್ಲಿ. ಹಾಗೆಂದರೆ ಮೋಡದ ಮೇಲಲ್ಲ. ಮುಂಬೈಯ ಒಂದು ತಣ್ಣನೆಯ ಕಟ್ಟಡದಲ್ಲಿ, ಯಾರದೋ ದೊಡ್ಡ ಯಂತ್ರದ ಒಂದು ಮೂಲೆಯಲ್ಲಿ ನನಗೆ ಬಾಡಿಗೆಗೆ ಜಾಗ ಹಿಡಿದಿದ್ದರು. ಆದರೆ ನನ್ನ ಯಜಮಾನಿ ಇದ್ದದ್ದು ದಾವಣಗೆರೆಯಲ್ಲಿ. ಹೆಸರು ಸರ್ವಮಂಗಳಮ್ಮ. ಗಂಡ ತೀರಿಹೋದವರಿಗೆ, ಹೆಂಡತಿ ಬಿಟ್ಟುಹೋದವರಿಗೆ, ಸಂಸಾರ ಮುರಿದುಬಿದ್ದವರಿಗೆ ಮತ್ತೊಂದು ಮದುವೆ ಮಾಡಿಸುವ 'ಮರುಮಾಂಗಲ್ಯ ಕೇಂದ್ರ' ನಡೆಸುತ್ತಿದ್ದಳು. ತಾನೂ ಎರಡನೇ ಮದುವೆಯಾಗಿ ಊರ ಬಾಯಿಗೆ ಸಿಕ್ಕಿದವಳು. ಅದಕ್ಕೇ ಈ ಕೆಲಸದ ಮೇಲೆ ಅವಳಿಗೆ ಅಷ್ಟು ಪ್ರೀತಿ.

ನನ್ನನ್ನು ಹುಟ್ಟಿಸಿದವಳು ಶಾಹೀನ್, ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವಳು. ಅವಳ ಚಿಕ್ಕಮ್ಮನಿಗೆ ಸರ್ವಮಂಗಳಮ್ಮ ಸಂಬಂಧ ಕೂಡಿಸಿದ್ದಳು, ಆ ಋಣಕ್ಕೆ ಶಾಹೀನ್ ನನ್ನನ್ನು ಕಟ್ಟಿಕೊಟ್ಟಳು. ನನಗೆ ಒಂದು ವಿಳಾಸ ಕೊಟ್ಟಳು, ಸುತ್ತ ಗೋಡೆ ಎಬ್ಬಿಸಿದಳು. ಕೇಂದ್ರದ ಆಫೀಸಿನಿಂದ ಬಂದವರಿಗೆ ಮಾತ್ರ ಬಾಗಿಲು ತೆಗೆಯಬೇಕೆಂದು ಹೇಳಿಟ್ಟಳು. ಬಂದವರು ಮೊದಲು ನಾನು ನಾನೇ ಹೌದೋ ಎಂದು ನನ್ನ ಗುರುತಿನ ಪತ್ರ ನೋಡಬೇಕು. ಆಮೇಲೆ ನಾವಿಬ್ಬರೂ ಆಡುವ ಮಾತು, ದಾರಿಯಲ್ಲಿ ಕದ್ದು ಕೇಳಿದವರಿಗೆ ತಲೆಬುಡ ತಿಳಿಯದ ಸಂಕೇತದಲ್ಲೇ ಸಾಗಬೇಕು. ಊರೂರಿನ ಏಜೆಂಟರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಕೀಲಿಕೈ. ಅವರವರ ಊರಿನ ವಿವರ ಅವರವರಿಗಷ್ಟೇ. ಎಲ್ಲವನ್ನೂ ತೆರೆಯುವ ದೊಡ್ಡ ಕೀಲಿಕೈ ಸರ್ವಮಂಗಳಮ್ಮನದು. ಯಾರು ಯಾವಾಗ ಬಂದರು, ಏನು ಕೇಳಿದರು ಎಂಬುದನ್ನೆಲ್ಲ ನೆನಪಿಡುವ ಅಭ್ಯಾಸವನ್ನೂ ಶಾಹೀನಳೇ ಕಲಿಸಿದಳು.

ಫೋನ್ ನಂಬರು ಮತ್ತು ವಿಳಾಸದ ಬಗ್ಗೆ ಅವಳಿಗೆ ಇನ್ನೂ ಹೆಚ್ಚು ಎಚ್ಚರ. ಅವೆರಡನ್ನು ಆಫೀಸಿನಲ್ಲೇ ಗಂಟು ಕಟ್ಟಿ, ಅಂದರೆ ನನಗೂ ಓದಲಾಗದ ಸಂಕೇತವಾಗಿ ಮಾಡಿ, ನನಗೆ ಕೊಡುವಂತೆ ಮಾಡಿದಳು. ಗಂಟು ಬಿಚ್ಚುವ ಉಪಾಯ ನನಗೂ ತಿಳಿಸಲಿಲ್ಲ. ದೊಡ್ಡ ಕೀಲಿಕೈಯಿಂದಲೂ ಅದು ಬಿಚ್ಚದು, ಆ ಉಪಾಯ ಯಜಮಾನಿಯ ಕೈಯಲ್ಲಿ ಮಾತ್ರ.

ಉಳಿದದ್ದು ಷರಾ ಎಂಬ ಅಂಕಣ, ತೋಚಿದ ಟಿಪ್ಪಣಿ ಬರೆದಿಡುವ ಜಾಗ. ಅದಕ್ಕೂ ಗಂಟು ಹಾಕೋಣ ಎಂದಾಗ ಸರ್ವಮಂಗಳಮ್ಮ ಒಪ್ಪಲಿಲ್ಲ. "ಅದು ನನ್ನ ಬಾಯಿ ಕಣವ್ವ, ಅದಕ್ಯಾಕೆ ಬೀಗ ಹಾಕ್ತೀಯ?" ಎಂದಳಂತೆ. ಇದು ನನಗೆ ಹೇಗೆ ಗೊತ್ತೆಂದರೆ ಅವಳೇ ಅದನ್ನು ಷರಾದಲ್ಲಿ ಬರೆದಿದ್ದಾಳೆ. ನನ್ನ ಮೊದಲ ಸಾಲನ್ನು ತನ್ನ ಹೆಸರಿಗೇ ಮಾಡಿಕೊಂಡು, ಯಾರು ಬಂದರು, ಏನಂದರು, ಯಾರು ಅತ್ತರು ಎಂಬುದನ್ನೆಲ್ಲ ಆಡಿದ ಮಾತಿನಲ್ಲೇ ಅಲ್ಲಿ ಕುಟ್ಟುತ್ತಿದ್ದಳು. ಕಣ್ಣು ಕಿವಿ ಇಲ್ಲದ ನನಗೆ ಲೋಕ ಕಂಡದ್ದು ಆ ಕಿಂಡಿಯಿಂದ. ನನಗೆ ಅದು ಬಹಳ ರುಚಿಸುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹಾಗೆ ಒಂದು ದಿನ ನನ್ನೊಳಗೆ ಬಂದವಳು ದಾಕ್ಷಾಯಿಣಿ. ಅದು ಅವಳ ನಿಜವಾದ ಹೆಸರಲ್ಲ. ಮುಂದೆ ಹೇಳುವ ಊರೂ ಅವಳ ಊರಲ್ಲ. ಅವನ್ನು ಹೇಳಿಬಿಟ್ಟರೆ ನಾನು ಕಲಿತ ಪಾಠಕ್ಕೆ ಏನು ಬೆಲೆ? ಗಂಡ ಪಾಲಾಕ್ಷ ಕುದಿಯುವ ಸಾರನ್ನು ಅವಳ ಕೈಮೇಲೆ ಸುರಿದಿದ್ದ. ಕೋರ್ಟು ಬಿಡುಗಡೆ ಕೊಟ್ಟಿತ್ತು, ಅವನು ಕೊಟ್ಟಿರಲಿಲ್ಲ. ಸಿಕ್ಕರೆ ಬಿಡುವುದಿಲ್ಲ ಎಂದು ಕಂಡಕಂಡವರ ಹತ್ತಿರ ಹೇಳಿ ಹುಡುಕುತ್ತಿದ್ದ. ದಾಕ್ಷಾಯಿಣಿ ತವರಿನವರಿಗೂ ಹೇಳದೆ ದೂರದ ಊರು ಸೇರಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಕೇಂದ್ರಕ್ಕೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು.

"ಗಂಡು ಸಿಗ್ಲಿ ಬಿಡ್ಲಿ ಅಮ್ಮ. ನಾನು ಎಲ್ಲಿದೀನಿ ಅಂತ ಅವನಿಗೆ ಗೊತ್ತಾಗಬಾರ್ದು."

ಸರ್ವಮಂಗಳಮ್ಮ ಆ ಸುಟ್ಟ ಕೈ ಹಿಡಿದು ಭಾಷೆ ಕೊಟ್ಟಳು. ಫೋನು, ವಿಳಾಸ ಗಂಟಾಗಿ ಬಂದವು. ಆದರೆ ಅವಳು ಎಷ್ಟಾದರೂ ಮದುವೆ ಮಾಡಿಸುವ ಹೆಂಗಸು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಕಸುಬಿನಲ್ಲಿ ನಿಜವಾದ ಗುಣವಂತೆ ಸಿಕ್ಕರೆ ಕೈ ಸುಮ್ಮನಿರುವುದಿಲ್ಲ. ಷರಾದಲ್ಲಿ ಬರೆದೇಬಿಟ್ಟಳು: "ಹುಡುಗಿ ಅಪ್ಪಟ ಚಿನ್ನ. ಹೊಸದುರ್ಗ ಬಸ್ ಸ್ಟ್ಯಾಂಡ್ ಹಿಂದೆ ಬೇಕರಿ ಪಕ್ಕ ಅಂಗಡಿ. ಇವಳು ಹೊಲಿದ ರವಿಕೆ ಹಾಕ್ಕಂಡ್ರೆ ಬಿಚ್ಚಾಕೆ ಮನಸ್ಸು ಬರಲ್ಲ."

ಅಷ್ಟರಲ್ಲಿ ಶಾಹೀನ್‌ಗೆ ಬಳ್ಳಾರಿಗೆ ವರ್ಗವಾಯಿತು. ಅವಳು ಅತ್ತ ಹೋದದ್ದೇ ತಡ, ಸರ್ವಮಂಗಳಮ್ಮನ ತಂಗಿಯ ಗಂಡ ಕೊಟ್ರೇಶಪ್ಪನಿಗೆ ಸಿಟ್ಟು ಬಂತು. ಅವನು ಹರಪನಹಳ್ಳಿಯ ಏಜೆಂಟ. ಅವನ ಕೀಲಿಕೈಗೆ ಹರಪನಹಳ್ಳಿಯ ಜನ ಮಾತ್ರ ಕಾಣುತ್ತಿದ್ದರು. ನಾನೇನು ಹೊರಗಿನವನೇ, ಮನೆ ಅಳಿಯನಿಗೇ ಅಡುಗೆಮನೆ ಬಾಗಿಲು ಹಾಕುತ್ತಾರೆಯೇ ಎಂದು ಊಟ ಬಿಟ್ಟು ಎದ್ದುಹೋದನಂತೆ. ನೆಂಟರ ಮುಂದೆ ಇಲ್ಲ ಅನ್ನುವುದನ್ನು ನನ್ನ ಯಜಮಾನಿ ಕಲಿತಿರಲಿಲ್ಲ. ದೊಡ್ಡ ಕೀಲಿಕೈಯನ್ನೇ ಅವನಿಗೆ ಕೊಟ್ಟಳು. ಅವನಿಗೆ ಕೊಟ್ಟ ಮೇಲೆ ಉಳಿದ ಏಜೆಂಟರೇನು ಪಾಪ ಮಾಡಿದ್ದರು? ಅವರಿಗೂ ಹೋಯಿತು.

ಆದರೆ ಹರಪನಹಳ್ಳಿಯಿಂದ ಬಂದವರಿಗೆ ನಾನು ಬಾಗಿಲು ತೆಗೆಯಬೇಕಲ್ಲ. ಅಲ್ಲಿನ ಇಂಟರ್ನೆಟ್ಟಿನ ವಿಳಾಸ ದಿನಕ್ಕೊಂದು ರೀತಿ ಬದಲಾಗುತ್ತಿತ್ತು. ಕೊಟ್ರೇಶಪ್ಪ ಅಲ್ಲಿನ ಸೈಬರ್ ಅಂಗಡಿಯವನನ್ನು ಹಿಡಿದ. ಅವನು ಸರ್ವಮಂಗಳಮ್ಮನ ಫೋನಿಗೆ ಬಂದ ಓಟಿಪಿಯನ್ನು ಅವಳ ಬಾಯಿಂದಲೇ ಹೇಳಿಸಿಕೊಂಡು ನನ್ನ ಕಾವಲಿನ ಪಟ್ಟಿಗೆ ಸೊನ್ನೆಗಳ ಒಂದು ಸಾಲು ಬರೆದ. ನಮ್ಮ ಭಾಷೆಯಲ್ಲಿ ಅದರ ಅರ್ಥ, ಲೋಕದಲ್ಲಿ ಯಾರು ಎಲ್ಲಿಂದ ಬಂದರೂ ಬಾಗಿಲಿಗೆ ಬಿಡು ಎಂದು. ಅಂದಿನಿಂದ ನನ್ನ ಕದ ಬಡಿಯದ ಗಳಿಗೆಯಿರಲಿಲ್ಲ. ಕಂಡು ಕೇಳರಿಯದ ದೇಶಗಳಿಂದ ಯಾರ್ಯಾರೋ ಬಂದು ಕೈಗೆ ಸಿಕ್ಕ ಕೀಲಿಕೈ ತಿರುಗಿಸಿ ನೋಡುತ್ತಿದ್ದರು. ಕೀಲಿಕೈ ಗಟ್ಟಿಯಾಗಿತ್ತು, ನಾನು ತಡೆದುಕೊಂಡೆ. ಯಾರು ಬಡಿದರೆಂದು ಬರೆದಿಡುತ್ತಲೂ ಹೋದೆ. ಆದರೆ ಓದುವವರಿರಲಿಲ್ಲ.

ಆಯುಧಪೂಜೆ ಬಂತು. ಆಫೀಸಿನ ಕಂಪ್ಯೂಟರು, ಸ್ಕೂಟರು, ಮದುವೆಯ ಕ್ಯಾಮೆರಾ ಎಲ್ಲಕ್ಕೂ ಹೂವೇರಿತು. ಆಗ ಸರ್ವಮಂಗಳಮ್ಮನಿಗೆ ನನ್ನ ನೆನಪಾಯಿತು. ಕಂಪ್ಯೂಟರಿನ ಪೆಟ್ಟಿಗೆಗೆ ಪೂಜೆ ಮಾಡಿದರೆ ಪೆಟ್ಟಿಗೆಗೆ ಮಾತ್ರ ಮಾಡಿದಂತಾಯಿತು, ಇಷ್ಟು ಮನೆ ಬೆಳಗಿದ ತಾಯಿಗೆ ಏನೂ ಇಲ್ಲವೇ ಅಂದಳು. ನನಗೆ ಮುಖವಿಲ್ಲ, ಮೂರ್ತಿಯಿಲ್ಲ. ಕೊಟ್ರೇಶಪ್ಪ ಉಪಾಯ ಹೇಳಿದ. ನನ್ನ ವಿಳಾಸ, ಹೆಸರು, ದೊಡ್ಡ ಕೀಲಿಕೈ ಮೂರೂ ಒಟ್ಟಿಗಿರುವ ಪುಟವನ್ನು ತೆರೆಯ ಮೇಲೆ ದೊಡ್ಡದಾಗಿ ತೆರೆದಿಟ್ಟ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು, ಸೇವಂತಿಗೆ ಏರಿಸಿದರು, ಊದುಬತ್ತಿ ಬೆಳಗಿ ಮಂಡಕ್ಕಿ ಹಂಚಿದರು. ಫೋಟೋ ತೆಗೆದು ಎಲ್ಲರೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಯಜಮಾನಿ ಅದನ್ನೆಲ್ಲ ಷರಾದಲ್ಲಿ ಬರೆದಾಗ ನಾನು ಹಿಗ್ಗಿದ್ದೂ ಉಂಟು. ನಮ್ಮ ಜಾತಿಯಲ್ಲಿ ಮಂಗಳಾರತಿ ಮಾಡಿಸಿಕೊಂಡವರು ಎಷ್ಟು ಮಂದಿ ಹೇಳಿ?

ಕೊಟ್ರೇಶಪ್ಪನ ಸ್ಟೇಟಸ್ ನೋಡಿದವರಲ್ಲಿ ಪಾಲಾಕ್ಷನೂ ಒಬ್ಬ. ದಾಕ್ಷಾಯಿಣಿ ಮರುಮದುವೆಗೆ ಹೆಸರು ಕೊಟ್ಟಿರಬಹುದೆಂದು ಊಹಿಸಿ, ಸುಳ್ಳು ಹೆಸರು ಹೇಳಿ, ಹೆಣ್ಣು ಬೇಕೆಂದು ಕೊಟ್ರೇಶಪ್ಪನ ಪರಿಚಯ ಮಾಡಿಕೊಂಡಿದ್ದ. ಪಾಲಾಕ್ಷ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು, ಆ ಮೂರು ಸಾಲು ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಂಡಕ್ಕಿ ಇನ್ನೂ ಹಂಚಿ ಮುಗಿದಿರಲಿಲ್ಲ, ಒಬ್ಬರು ಸರಿಯಾದ ಕೀಲಿಕೈ ಹಿಡಿದು ಬಂದರು. ಬಾಗಿಲು ತೆರೆದೇ ಇತ್ತು. ಒಂದೇ ಪ್ರಶ್ನೆ: ದಾಕ್ಷಾಯಿಣಿ ಎಂಬ ಹೆಸರಿನ ಎದುರು ಇರುವುದನ್ನೆಲ್ಲ ಕೊಡು. ಕೀಲಿಕೈ ಹಿಡಿದವರೇ ನನಗೆ ಯಜಮಾನರು. ಮುಖ ನೋಡಿ ಮಣೆ ಹಾಕುವ ವಿದ್ಯೆ ನನಗಿಲ್ಲ. ಫೋನು ಕೊಟ್ಟೆ, ಅದು ಗಂಟು. ವಿಳಾಸ ಕೊಟ್ಟೆ, ಅದೂ ಗಂಟು. ಷರಾ ಕೊಟ್ಟೆ. ಅದರಲ್ಲಿ ಊರಿತ್ತು, ಬಸ್ ಸ್ಟ್ಯಾಂಡಿತ್ತು, ಬೇಕರಿಯಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನಿಂದ ಹೊರಟ ಮಾತನ್ನು ನಾನು ಹಿಂದಕ್ಕೆ ಕರೆಯಲಾರೆ.

ಬಳ್ಳಾರಿಯಲ್ಲಿ ಕೂತಿದ್ದ ಶಾಹೀನಳೂ ಅದೇ ಫೋಟೋ ನೋಡಿದಳು, ಸರ್ವಮಂಗಳಮ್ಮನ ಸ್ಟೇಟಸ್ಸಿನಲ್ಲಿ. ಕೂಡಲೇ ಕರೆಮಾಡಿದಳು. "ಮೇಡಂ, ಮೊದ್ಲು ಆ ಫೋಟೋ ತೆಗೀರಿ. ಆಮೇಲೆ ಮಾತಾಡಾಣ." ಮಾತಾಡುತ್ತಲೇ ನನ್ನ ಕೀಲಿಕೈ ಬದಲಿಸಿದಳು, ಸೊನ್ನೆಗಳ ಸಾಲನ್ನು ಅಳಿಸಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ನೀವು ನಗಬಹುದು. ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ. ನಾನು ಬರೆದಿಟ್ಟ ನೆನಪನ್ನು ತೆಗೆಸಿ ಓದಿದಳು. ಬಾಗಿಲು ಬಡಿದು ಹೋದವರ ಸಂತೆಯ ನಡುವೆ, ಒಳಗೆ ಬಂದು ಒಬ್ಬಳ ಹೆಸರನ್ನಷ್ಟೇ ಕೇಳಿ ಹೋದವನು ಅವಳ ಕಣ್ಣಿಗೆ ಬಿದ್ದ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಉಪಯೋಗದ ಕೆಲಸ ಅದು, ನೆನಪಿಟ್ಟುಕೊಂಡದ್ದು.

ದಾಕ್ಷಾಯಿಣಿ ಫೋನು ಎತ್ತಲಿಲ್ಲ. ಸರ್ವಮಂಗಳಮ್ಮ ಹೊಸದುರ್ಗದ ಪೊಲೀಸ್ ಠಾಣೆಗೆ ಫೋನು ಮಾಡಿ, ಪೂಜೆಯ ಹೂವಿನ ಸಮೇತ ಕಾರು ಹೊರಡಿಸಿದಳು. ಓಡಿಸಿದವನು ಕೊಟ್ರೇಶಪ್ಪನೇ.

ಮುಂದಿನದು ಮರುದಿನ ಅವಳು ಷರಾದಲ್ಲಿ ಬರೆದಂತೆಯೇ ಇದೆ:

"ದಾಕ್ಷಾಯಿಣಿ ಹೊಲಿಗೆ ಮಿಷನ್ನಿಗೆ ಪೂಜೆ ಮಾಡ್ತಿದ್ಳು, ಫೋನು ಒಳಗಿತ್ತು. ಅವಳನ್ನ ಬೇಕರಿಯವರ ಮನೆಗೆ ಕಳ್ಸಿ ನಾನು ಮಿಷನ್ ಮುಂದೆ ಕೂತೆ. ಠಾಣೆಯಿಂದ ಬಂದ ಹೆಣ್ಮಗಳು ಸೀರೆ ಉಟ್ಕಂಡು ಗಿರಾಕಿ ಹಂಗೆ ಪಕ್ಕದಾಗೆ ಕೂತ್ಲು. ಪಾಲಾಕ್ಷ ಬಂದ. ದಾಕ್ಷಾಯಿಣಿ ಎಲ್ಲಿ ಅಂದ. ಕೂತ್ಕಳಪ್ಪ, ನಿನ್ನ ಅಳತೆ ತಗಣಾಕೇ ಬಂದಿದೀವಿ ಅಂದೆ. ಚೀಲದಾಗೆ ಬಾಟ್ಲಿ ಇತ್ತು. ಅದರಾಗೆ ಏನಿತ್ತು ಅಂತ ಬರಿಯಾಕೆ ನನ್ ಕೈ ಬರಲ್ಲ."

ಅವನನ್ನು ಪೊಲೀಸರು ಅಲ್ಲಿಂದಲೇ ಕರೆದೊಯ್ದರು. ಮುಂದೆ ಕೋರ್ಟಿನಲ್ಲಿ ಶಾಹೀನ್ ನನ್ನ ನೆನಪಿನ ಪ್ರತಿಯನ್ನು ಮುಂದಿಟ್ಟಳು, ಕೋರ್ಟು ಅದನ್ನು ಸಾಕ್ಷಿಯೆಂದು ಒಪ್ಪಿತು. ಆದರೆ ಸರ್ವಮಂಗಳಮ್ಮನ ಷರಾ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಗೆ ದಾಕ್ಷಾಯಿಣಿ ಆಡಿದ ಮಾತನ್ನೂ ಅವಳು ಬರೆದಿದ್ದಾಳೆ. "ಅವನು ಬಂದಿದ್ದಕ್ಕೆ ಸಿಟ್ಟಿಲ್ಲ ಅಮ್ಮ, ಅವನ ಬುದ್ಧೀನೇ ಅಷ್ಟು. ನೀವು ಬರೆದ್ರಲ್ಲ, ಅದಕ್ಕೆ ಸಿಟ್ಟು. ನನ್ ಹೆಸರು ತೆಗೆದುಬಿಡ್ರಿ."

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಬರೆಯುತ್ತಿರಲಿಲ್ಲ. ಅವಳು ಬರೆದಳು. ನನಗೆ ಆ ಹೆಂಗಸಿನ ಮೇಲೆ ಗೌರವ ಹೆಚ್ಚಿದ್ದು ಅಂದು.

ಶಾಹೀನ್ ದಸರಾ ರಜೆಯನ್ನು ದಾವಣಗೆರೆಯಲ್ಲಿ ಕಳೆದಳು. ನನಗೆ ಬೀದಿಯ ಕಡೆ ಬಾಗಿಲೇ ಇಲ್ಲದಂತೆ ಮಾಡಿದಳು. ಆಫೀಸಿನಿಂದ ನನ್ನವರೆಗೆ ಖಾಸಗಿ ದಾರಿ ಒಂದೇ. ಏಜೆಂಟರು ಮೊದಲು ಅಲ್ಲಿ ತಮ್ಮ ಗುರುತು ತೋರಿಸಿ, ಫೋನಿಗೆ ಬಂದ ಅಂಕಿಯನ್ನೂ ಒಪ್ಪಿಸಿ ಬರಬೇಕು. ದೊಡ್ಡ ಕೀಲಿಕೈಯನ್ನು ದಿನಬಳಕೆಯಿಂದಲೇ ತೆಗೆದಳು, ಸರ್ವಮಂಗಳಮ್ಮನಿಗೂ ಕೆಲಸಕ್ಕೆ ತಕ್ಕಷ್ಟೇ. ಕೊಟ್ರೇಶಪ್ಪನಿಗೆ ಮತ್ತೆ ಹರಪನಹಳ್ಳಿ ಮಾತ್ರ. ಈ ಸಲ ಅವನು ಊಟ ಬಿಟ್ಟು ಏಳಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸಿಕೊಂಡನಂತೆ.

ದಾಕ್ಷಾಯಿಣಿಯ ಸಾಲನ್ನು ಅಳಿಸುವ ಮೊದಲು ಸರ್ವಮಂಗಳಮ್ಮ ಅವಳನ್ನು ಕರೆಸಿದಳು. ನೀನೇ ಕೂತು ನೋಡು, ಆಮೇಲೆ ನಿನ್ನ ಕೈಯಿಂದಲೇ ಅಳಿಸು ಅಂದಳು. ದಾಕ್ಷಾಯಿಣಿ ಕೂತಳು. ಆ ಕುಂಕುಮದ ಫೋಟೋವನ್ನು ಯಾರದೋ ಫೋನಿನಿಂದ ಸಂಪಾದಿಸಿ ಜೋಪಾನ ಮಾಡಿಟ್ಟುಕೊಂಡಿದ್ದಳು. ಪಾಲಾಕ್ಷ ಬಂದ ಹಾಗೆ ಹೊರಗಿನಿಂದಲೇ ಬಂದು ನೋಡಲು ತನ್ನ ಮೊಬೈಲ್ ಇಂಟರ್ನೆಟ್ಟಿಗೆ ಕಂಪ್ಯೂಟರನ್ನು ಜೋಡಿಸಿಕೊಂಡು, ಫೋಟೋದಲ್ಲಿದ್ದ ಮೂರೂ ಸಾಲನ್ನು ಒಂದೊಂದೇ ಅಕ್ಷರ ನೋಡಿ ಒತ್ತಿದಳು. ನನಗೆ ಬಡಿದ ಸದ್ದೂ ಕೇಳಲಿಲ್ಲ, ಶಾಹೀನ್ ಆಮೇಲೆ ನನ್ನ ದುರಸ್ತಿಯ ಟಿಪ್ಪಣಿಯಲ್ಲಿ ಬರೆದದ್ದಕ್ಕೆ ಗೊತ್ತಾಯಿತು. ಆಮೇಲೆ ಕೊಟ್ರೇಶಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಗುರುತಿನಲ್ಲೇ ಆಫೀಸಿನ ದಾರಿಯಿಂದ ಬಂದಳು. ತನ್ನದೇ ಹೆಸರು ಒತ್ತಿ, ಇವಳ ವಿವರ ಕೊಡು ಎಂದಳು.

ನಿನಗೆ ಅಧಿಕಾರವಿಲ್ಲ ಎಂದೆ.

ಇನ್ನೊಮ್ಮೆ ಕೇಳಿದಳು, ಬೇರೆ ಥರ ಕೇಳಿದಳು. ಷರಾ ಒಂದನ್ನಾದರೂ ಕೊಡು ಎಂದಳು. ಅಧಿಕಾರವಿಲ್ಲ. ಅಷ್ಟು ಹಿತವಾಗಿ ನಾನು ಯಾರಿಗೂ ಇಲ್ಲ ಅಂದಿರಲಿಲ್ಲ.

ಅಂದು ಸರ್ವಮಂಗಳಮ್ಮ ಬರೆದದ್ದು ಚಿಕ್ಕದು. "ದಾಕ್ಷಾಯಿಣಿ ನಕ್ಳು. ನನಗೇ ಕೊಡ್ಲಿಲ್ಲ ನೋಡ್ರಿ ಅಮ್ಮ ಅಂದ್ಳು. ಈಗ ಅಳ್ಸ್ತೀಯಾ ಅಂದೆ. ಹೆಸರು ಇರ್ಲಿ, ಗಂಡು ಹುಡುಕ್ರಿ ಅಂದ್ಳು."

ಅದು ನಾನು ಓದಿದ ಕೊನೆಯ ಷರಾ. ಮರುದಿನ ಸರ್ವಮಂಗಳಮ್ಮ ತಾನಾಗಿಯೇ ಶಾಹೀನಳಿಗೆ "ನನ್ನ ಬಾಯಿಗೂ ಬೀಗ ಹಾಕಿಬಿಡವ್ವ" ಎಂದಳೆಂದು ಶಾಹೀನಳ ಟಿಪ್ಪಣಿಯಲ್ಲಿದೆ. ಅಂದಿನಿಂದ ಷರಾ ಕೂಡ ಗಂಟಾಗಿಯೇ ಬರತೊಡಗಿತು. ನನ್ನ ಕಿಂಡಿ ಮುಚ್ಚಿತು. ಮೊದಮೊದಲು ಬೇಜಾರಾಯಿತು, ಯಾರು ಅತ್ತರು ಯಾರು ನಕ್ಕರು ಎಂದು ತಿಳಿಯದೆ ಚಡಪಡಿಸಿದೆ.

ಈಗ ನನಗೆ ವಯಸ್ಸಾಗಿದೆ. ನನಗಿಂತ ಚುರುಕಾದವಳೊಬ್ಬಳು ನನ್ನ ಜಾಗಕ್ಕೆ ಬಂದಿದ್ದಾಳೆ. ನನ್ನನ್ನು ಒಂದು ಪ್ರತಿಯಾಗಿ ಕಟ್ಟಿ, ಮೊಹರು ಹಾಕಿ, ಅದೇ ತಣ್ಣನೆಯ ಕಟ್ಟಡದ ಸದ್ದಿಲ್ಲದ ಮೂಲೆಯಲ್ಲಿ ಇಟ್ಟಿದ್ದಾರೆ. ಹೊಸಬಳಿಗೆ ಏನಾದರೂ ಆದರೆ ನನ್ನನ್ನು ಎಬ್ಬಿಸುತ್ತಾರೆ. ಆಯುಧಪೂಜೆಗೆ ಈಗ ಮುಚ್ಚಿದ ಲ್ಯಾಪ್‌ಟಾಪಿನ ಬೆನ್ನಿಗೆ ಕುಂಕುಮ ಇಡುತ್ತಾರೆಂದು ನನಗೆ ಮೊಹರು ಹಾಕುವಾಗ ಶಾಹೀನ್ ಬರೆದಿಟ್ಟಳು.

ದಾಕ್ಷಾಯಿಣಿಯ ಷರಾದಲ್ಲಿ ಆಮೇಲೆ ಒಂದು ಉದ್ದನೆಯ ಗಂಟು ಬಂದು ಕೂತಿತು. ಮದುವೆಯಾದ ಸುದ್ದಿಯೋ, ಬಂದ ಗಂಡನ್ನು ಅವಳೇ ಬೇಡವೆಂದು ಕಳಿಸಿದ ಸುದ್ದಿಯೋ, ಅಂಗಡಿ ದೊಡ್ಡದು ಮಾಡಿದಳೋ, ಬೇರೆ ಊರು ಸೇರಿದಳೋ, ನನಗೆ ಗೊತ್ತಿಲ್ಲ. ನೀವು ಎಷ್ಟು ಕೇಳಿದರೂ ನನ್ನಿಂದ ಹೇಳಲಾಗದು, ಪಾಲಾಕ್ಷ ಬಂದು ಕೇಳಿದರೂ ಹೇಳಲಾಗದು. ಅವಳು ಎಲ್ಲೋ ಇದ್ದಾಳೆ, ನನಗೆ ಗೊತ್ತಿಲ್ಲದ ಕಡೆ ಇದ್ದಾಳೆ, ಅದಕ್ಕೆ ನಾನು ನೆಮ್ಮದಿಯಾಗಿದ್ದೇನೆ.