ಹೂಕುಂಡದ ಮಣ್ಣು

"ಯಾವನಯ್ಯಾ ನಿಂಗೆ ಬೂಟು ಪಾಲಿಶ್ ಮಾಡ್ಕೊಂಡು ಬಾ ಅಂದೋನು? ಮದುವೆಗೆ ಬಂದಿದ್ದೀಯಾ?"

ಜೂಲಿಯನ್ ಹೀಗೆ ಕೂಗಿದ್ದು ಲಂಡನ್ನಿನಲ್ಲಿ, ಪಾರ್ಲಿಮೆಂಟಿನ ಎದುರಿನ ಹೋಟೆಲ್ ಬಾಗಿಲಲ್ಲಿ. ನನ್ನ ಗಂಡ ವಿಲ್ಫನಿಗೆ ಅರವತ್ತು ದಾಟಿದೆ, ಈ ಜೂಲಿಯನ್ ನಮ್ಮ ಮಗಳಿಗಿಂತ ಚಿಕ್ಕವನು. ಗ್ರಾಮೀಣ ಬದುಕು ಒಕ್ಕೂಟದಲ್ಲಿ ಅವನಿಗೆ ಸಂಬಳ. ಕಾನೂನು ಮಾಡುವವರ ಕಿವಿಗೆ ಯಾರ ಮಾತು ಯಾವ ವೇಷದಲ್ಲಿ ಬೀಳಬೇಕು ಎಂದು ಏರ್ಪಾಡು ಮಾಡುವುದೇ ಅವನ ಕಸುಬು.

ವಿಲ್ಫ್ ಹಿಂದಿನ ಸಂಜೆ ಒಲೆಯ ಮುಂದೆ ಕೂತು ಬೂಟು ತಿಕ್ಕಿದ್ದ. ದೊಡ್ಡವರ ಮುಂದೆ ನಿಲ್ಲುವಾಗ ಬೂಟು ಹೊಳೆಯಬೇಕು ಅಂತ ಅವನಪ್ಪ ಹೇಳಿಕೊಟ್ಟಿದ್ದ.

"ಸಂಸದರಿಗೆ ತೋರಿಸ್ಬೇಕಾಗಿರೋದು ಹಳ್ಳಿ ಮನುಷ್ಯನ್ನ," ಎಂದು ಜೂಲಿಯನ್ ಹೋಟೆಲಿನ ಹೂಕುಂಡಕ್ಕೆ ಕೈಹಾಕಿ ಒಂದು ಹಿಡಿ ಒದ್ದೆ ಮಣ್ಣು ತೆಗೆದ. "ತಗೋ, ಬೂಟಿಗೆ ಹಚ್ಕೊ."

ವಿಲ್ಫ್ ನನ್ನ ಮುಖ ನೋಡಿದ. ಪಕ್ಕದಲ್ಲೇ ನಮ್ಮ ಧಣಿ ಸರ್ ಜೈಲ್ಸ್ ಗಡಿಯಾರ ನೋಡುತ್ತಿದ್ದರು. "ಹೇಳಿದಷ್ಟು ಮಾಡಪ್ಪ, ಹೊತ್ತಾಯ್ತು," ಅಂದರು.

ಅವನು ಬಗ್ಗಿ ಹಚ್ಚಿಕೊಂಡ. ಮೊಣಕಾಲು ಸವೆದವನು, ಏಳುವುದಕ್ಕೆ ನನ್ನ ಭುಜ ಹಿಡಿಯಬೇಕಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡೆ. ನಮ್ಮ ಮನೆಯ ಪ್ರಶ್ನೆ ಅದು.

ಸರ್ ಜೈಲ್ಸರ ಕಾಡಿನಲ್ಲಿ ಬೇಟೆಗೆಂದೇ ಫೆಸೆಂಟ್ ಅನ್ನುವ ಕೋಳಿಯಂಥ ಹಕ್ಕಿ ಸಾಕುವುದು ವಿಲ್ಫನ ಕೆಲಸ. ಚಳಿಗಾಲದಲ್ಲಿ ದೊಡ್ಡ ಮನುಷ್ಯರು ಬಂದೂಕು ಹಿಡಿದು ಬಯಲಲ್ಲಿ ನಿಲ್ಲುತ್ತಾರೆ. ನಾನು, ಊರಿನವರು ಸಾಲಾಗಿ ಕಾಡಿಗಿಳಿದು, ಪೊದೆ ಬಡಿದು ಹಕ್ಕಿಗಳನ್ನು ಅವರ ತಲೆಯ ಮೇಲಕ್ಕೆ ಎಬ್ಬಿಸುತ್ತೇವೆ. ನಾವಿರುವ ಮನೆಯೂ ಧಣಿಯದೇ; ಕೆಲಸ ಇರುವ ತನಕ ಮನೆ, ಹೋದರೆ ಮನೆಯೂ ಹೋಯಿತು. ಈ ಬೇಟೆಗೆ ಲಗಾಮು ಹಾಕುವ ಕಾನೂನು ಬರುತ್ತದೆ, ನಿಮ್ಮ ಸೂರು ಹಾರಿಹೋಗುತ್ತದೆ ಅಂತ ಧಣಿ ಹೇಳಿದ್ದೇ ತಡ, ಊರಿಗೆ ಊರೇ ಒಕ್ಕೂಟದ ಬಸ್ಸು ಹತ್ತಿತ್ತು. ಕೋಲಿಗೆ ಹಲಗೆ ಹೊಡೆದು, ಮೇಲೆ ಬರೆದು ಒಕ್ಕೂಟದವರೇ ಕೊಟ್ಟಿದ್ದರು: ನಮ್ಮ ಮನೆ ಕಿತ್ತುಕೊಳ್ಳಬೇಡಿ.

ಪಾರ್ಲಿಮೆಂಟಿನ ಒಳಗೆ ಸಂಸದರ ಮುಂದೆ ವಿಲ್ಫ್ ಟೋಪಿ ಕೈಯಲ್ಲಿ ಹಿಡಿದು ನಿಂತ.

"ಬುದ್ದೀ, ನಂಗೆ ಭಾಷ್ಣ ಬರಕಿಲ್ಲ. ನಮ್ಮಪ್ಪ ಸತ್ತಿದ್ದು ಆ ಮನೇಲೆ, ನನ್ ಮಗ್ಳು ಹುಟ್ಟಿದ್ದು ಆ ಮನೇಲೆ. ಅದ್ನ ಕಿತ್ಕಂಡ್ರೆ ನಾವು ಎತ್ಲಾಗ್ ಹೋಗಾಣ, ನೀವೇ ಹೇಳಿ."

ಸಂಸದೆಯೊಬ್ಬರು ಕಣ್ಣೊರೆಸಿಕೊಂಡರು. ಜೂಲಿಯನ್ ನನ್ನ ಮೊಣಕೈ ಅದುಮಿ, "ಚಿನ್ನದಂಥ ಮಾತು!" ಅಂದ. ಕಾನೂನು ಮೂಲೆಗೆ ಬಿತ್ತು. ಆ ವಾರ ಊರಿನ ಪಬ್ಬಿನಲ್ಲಿ ಧಣಿಯ ಲೆಕ್ಕದಲ್ಲಿ ಎಲ್ಲರಿಗೂ ಬಿಯರು.

ಅದಾಗಿ ತಿಂಗಳು ಕಳೆದಿರಲಿಲ್ಲ. ಧಣಿಯ ಪಾರುಪತ್ಯೆಗಾರ ಕ್ರೇಸ್ಟರ್ ಕಾಲೂ ಒರೆಸದೆ ನಮ್ಮ ಮನೆಯೊಳಗೆ ಬಂದ.

"ಐವಿ, ವಿಲ್ಫನ ಮೊಣಕಾಲು ಮುಗೀತು. ಹೊಸಬ ಬರ್ತಾನೆ. ಈ ಮನೇನ ರಜಕ್ಕೆ ಬರೋ ಲಂಡನ್ನಿನವರಿಗೆ ಬಾಡಿಗೆ ಕೊಡೋದು ಅಂತ ಆಗಿದೆ. ಚಳಿ ಕಳೀಲಿ, ಆಮೇಲೆ ಬಿಟ್ಬಿಡಿ."

"ಈ ಮನೆ ಉಳಿಸ್ರಪ್ಪೋ ಅಂತ ಪಾರ್ಲಿಮೆಂಟ್ನಾಗೆ ನೀವೇ ಹೇಳಿಸ್ಲಿಲ್ವಾ?"

"ಅದು ಸರ್ಕಾರಕ್ಕೆ ಹೇಳಿದ್ದು ಕಣಮ್ಮ. ಸಾಹೇಬ್ರಿಗಲ್ಲ."

ಜೂಲಿಯನ್ನನಿಗೆ ಫೋನು ಮಾಡಿದೆ. "ಖಾಸಗಿ ವಿಷಯಕ್ಕೆ ಒಕ್ಕೂಟ ಕೈ ಹಾಕಲ್ಲ ಐವಿ. ಅಲ್ದೆ ಸರ್ ಜೈಲ್ಸ್ ನಮ್ಮ ಅಧ್ಯಕ್ಷರು," ಅಂದ.

"ಥೂ, ಬೋಳಿಮಗ್ನೆ!" ಅಂತ ಬೈದು ಫೋನು ಕುಕ್ಕಿದೆ.

ವಿಲ್ಫ್ ಕೂಗಾಡಲಿಲ್ಲ. "ನಾ ಸುಳ್ಳೇಳ್ಲಿಲ್ಲ ಕಣಮ್ಮಿ," ಅಂದ. "ನಿಜ್ವೇ ಹೇಳ್ದೆ. ಆ ನಿಜಾನೇ ತಕಂಡೋಗಿ ಮಾರ್ಕಂಡವ್ರೆ." ಅವನ ಕಣ್ಣಲ್ಲಿ ನೀರು ಕಂಡಿದ್ದು ಅವನಪ್ಪ ಸತ್ತಾಗ ಒಮ್ಮೆ, ಬಿಟ್ಟರೆ ಆವತ್ತು.

ಡಿಸೆಂಬರಿನಲ್ಲಿ ದೊಡ್ಡ ಬೇಟೆ. ಕಾನೂನನ್ನು ಮೂಲೆಗೆ ಹಾಕಿಸಿದ ಸಂಸದರಿಗೆ ಮರ್ಯಾದೆ. ಜೂಲಿಯನ್ ಕೂಡ ಬಂದಿದ್ದ, ಹೊಸ ಕೋಟು, ಮಿರಮಿರ ಮಿಂಚುವ ಬೂಟು. ಅವನಿಗೆ ಮಣ್ಣು ಹಚ್ಚಿಕೋ ಅನ್ನುವವರು ಯಾರೂ ಇರಲಿಲ್ಲ. ಅವರೆಲ್ಲ ಬಂಗಲೆಯ ಅಂಗಳದಲ್ಲಿ ಬಿಸಿ ಸೂಪು ಕುಡಿಯುತ್ತಿದ್ದಾಗ ನಾವು ಕಾಡಿಗೆ ಹೊರಟೆವು. ಕ್ರೇಸ್ಟರ್ ಅಡ್ಡ ಬಂದ.

"ಇದೇನೇ ಐವಿ, ಹಲಗೆ ಹಿಡ್ಕೊಂಡು?"

"ಪೊದೆ ಬಡಿಯೋ ಕೋಲು ಕಣ್ ಬುದ್ದಿ. ನಿಮ್ಮೋರೇ ಕೊಟ್ಟಿದ್ದು."

ಸಾಲು ಎಲ್ಲಿಂದ ಹೊರಡಬೇಕು ಅನ್ನುವುದು ಇನ್ನೂ ವಿಲ್ಫನ ಮಾತೇ. ಪ್ರತಿ ಬೇಟೆಗೂ ನದಿಯ ಕಡೆಯಿಂದ ಶುರುಮಾಡಿ ಬಯಲಿಗೆ ಬರುತ್ತಿದ್ದೆವು. ಆವತ್ತು ಅವನು ಬಯಲಿನ ಅಂಚಿನಲ್ಲೇ ನಿಂತು, "ಇತ್ಲಿಂದ ನಡೀರಿ," ಅಂದ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಹಲಗೆಗಳಲ್ಲಿ ಪೊದೆ ಬಡಿಯುತ್ತ ನದಿಯ ಕಡೆಗೆ ನಡೆದೆವು. ವಿಲ್ಫ್ ಕೈಯಾರೆ ಕಾಳು ಹಾಕಿ ಸಾಕಿದ ಹಕ್ಕಿಗಳು ನಮ್ಮ ಮುಂದೆ ಭರ್ರನೆ ಎದ್ದು, ನದಿ ದಾಟಿ, ಪಕ್ಕದ ಜಮೀನಿಗೆ ಹೋಗಿ ಇಳಿದವು.

ನಾವು ದಡಕ್ಕೆ ಬಂದಾಗ ಬಯಲಲ್ಲಿ, ಹಕ್ಕಿ ಎಬ್ಬಿಸಿ ಅನ್ನುವ ಕೊಂಬು ಕೇಳಿಸಿತು. ದೊಡ್ಡ ಮನುಷ್ಯರು ಬಂದೂಕು ಹಿಡಿದು ಆಕಾಶ ನೋಡುತ್ತಿದ್ದರು ಅಂತ ಕಾಣುತ್ತದೆ. ಮತ್ತೆ ಊದಿದರು. ಕ್ರೇಸ್ಟರ್ ಏದುಸಿರು ಬಿಡುತ್ತ ಓಡಿಬಂದ.

"ನಾಳೆ ಬೆಳಿಗ್ಗೇನೇ ಮನೆ ಖಾಲಿ ಮಾಡ್ಬೇಕು! ಕೇಳಿಸ್ತೇನೋ ನಾಯಿ?"

ವಿಲ್ಫ್ ಅವನ ಕಡೆ ತಿರುಗಲಿಲ್ಲ. ದಡದಲ್ಲಿ ಕೂತು, ಬೂಟು ಬಿಚ್ಚಿ, ಕೊರೆಯುವ ನೀರಿಗೆ ಅದ್ದಿ, ಮಣ್ಣು ತೊಳೆಯತೊಡಗಿದ. "ಅಮ್ಮಿ, ಬಟ್ಟೆ ಕೊಡಿಲ್ಲಿ," ಅಂದ.

ನನ್ನ ತಲೆವಸ್ತ್ರ ಬಿಚ್ಚಿ ಕೊಟ್ಟೆ. ಊರಿನವರು ಹಲಗೆಗಳನ್ನು ದಡದಲ್ಲಿ ನೆಟ್ಟು ನಮ್ಮ ಹಿಂದೆ ನಿಂತರು. ಕೊಂಬು ಮೊಳಗುತ್ತಲೇ ಇತ್ತು. ವಿಲ್ಫ್ ಒಂದು ಬೂಟು ಒರೆಸಿ ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡ.