ಚಿತ್ರದಲ್ಲಿ ಕೂತವಳು

ನಗರಸಭೆಗೆ ಚೌಕಗಳನ್ನೂ ಕಡಲ ದಂಡೆಯ ಹಾದಿಗಳನ್ನೂ ವಿನ್ಯಾಸ ಮಾಡಿಕೊಡುವ ಕಂಪನಿಯಲ್ಲಿ ಅವಳ ಕೆಲಸ ಜನರನ್ನು ಅಂಟಿಸುವುದು. ಮುಂದೆ ಕಟ್ಟಬೇಕಾದ ಜಾಗದ ಚಿತ್ರವನ್ನು ಬೇರೆಯವರು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಬರೆದಾದ ಮೇಲೆ ಅದು ಸ್ಮಶಾನದಂತೆ ಕಾಣುತ್ತಿದ್ದುದರಿಂದ ಇವಳು ಅಲ್ಲಲ್ಲಿ ನಾಲ್ಕು ಜನರನ್ನು ತಂದು ನಿಲ್ಲಿಸಬೇಕಾಗಿತ್ತು. ಅದಕ್ಕೆಂದೇ ಕತ್ತರಿಸಿಟ್ಟ ಜನರ ದೊಡ್ಡ ಸಂಗ್ರಹ ಅವಳ ಬಳಿ ಇತ್ತು: ಬಲೂನು ಹಿಡಿದ ಹುಡುಗಿ, ಸೈಕಲ್ ತಳ್ಳುವ ಗಡ್ಡದವನು, ಐಸ್‌ಕ್ರೀಮ್ ತಿನ್ನುವ ಜೋಡಿ, ಎಂದೂ ಬೊಗಳದ ಒಂದು ಬಿಳಿ ನಾಯಿ. ಯಾವ ಊರಿನ ಚಿತ್ರವಾದರೂ ಅದೇ ಹುಡುಗಿ, ಅದೇ ಬಲೂನು. ಅವರಲ್ಲಿ ಯಾರಿಗೂ ಬೆವರು ಬರುತ್ತಿರಲಿಲ್ಲ, ಯಾರಿಗೂ ಬಸ್ಸು ಹಿಡಿಯುವ ಅವಸರ ಇರಲಿಲ್ಲ. ಊರು ಕಟ್ಟುವುದು ಇಂಥ ಪುಣ್ಯವಂತರಿಗಾಗಿ ಎಂದು ಕಂಪನಿಯ ಒಡೆಯ ಗಟ್ಟಿಯಾಗಿ ನಂಬಿದ್ದ.

ಒಡೆಯನಿಗೆ ಆಫೀಸಿನವರು ಬೆನ್ನ ಹಿಂದೆ ಇಟ್ಟ ಹೆಸರು ಕೂಲಿಂಗ್ ಗ್ಲಾಸು. ವರ್ಷವಿಡೀ ಬಿಸಿಲು ಸುರಿಯುವ ಈ ಕಡಲತಡಿಯ ಊರಿನಲ್ಲಿ ಆತ ಕಪ್ಪು ಕನ್ನಡಕ ಏರಿಸದೆ ಕಾರಿನಿಂದ ಇಳಿದವನಲ್ಲ. ಹಾಗಾಗಿ ಆತನ ಪಾಲಿಗೆ ಇಲ್ಲಿ ಸದಾ ಮೋಡ. ನೆರಳು ಬೇಕೆಂದು ಯಾರಾದರೂ ಹೇಳಿದರೆ, ಪಾಪ, ಆತನಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ.

ಈ ಸಲ ಆತನ ಕಣ್ಣು ಬಿದ್ದದ್ದು ಹಳೆ ಪೇಟೆಯ ಚೌಕದ ಮೇಲೆ. ಅಂಚೆ ಕಚೇರಿಯ ಎದುರು ಒಂದು ದೊಡ್ಡ ಮರ, ಮರದ ಬುಡದಲ್ಲಿ ಬಸ್ಸಿಗೆ ಕಾಯುವವರು, ಹಣ್ಣಿನ ಗಾಡಿಗಳು, ಬೀಗದ ಕೈ ಮಾಡುವವನು, ಚೌಕಾಸಿ, ಜಗಳ, ಕಾಲಿಡಲು ಜಾಗವಿಲ್ಲದಷ್ಟು ನೂಕುನುಗ್ಗಲು. ಕೂಲಿಂಗ್ ಗ್ಲಾಸು ಅಲ್ಲಿ ಒಂದು ಸುತ್ತು ಹಾಕಿ, ಯಾರದೋ ಮೊಣಕೈಯಿಂದ ತಿವಿಸಿಕೊಂಡು ಆಫೀಸಿಗೆ ಬಂದು, "ಸತ್ತ ಜಾಗ ಅದು. ಜೀವ ತುಂಬ್ಬೇಕು," ಎಂದ. ಈ ವಿದ್ಯೆಗೆ ಪ್ಲೇಸ್‌ಮೇಕಿಂಗ್, ಎಂದರೆ ಜಾಗ ಕಟ್ಟುವುದು, ಎಂದು ಹೆಸರು. ಅದನ್ನು ಮಾಡಬೇಕಾದರೆ ಮೊದಲು ಇದ್ದ ಜಾಗವನ್ನು ನಿರ್ನಾಮ ಮಾಡಬೇಕು. ಮರ ಕಡಲ ನೋಟಕ್ಕೆ ಅಡ್ಡ, ಆದ್ದರಿಂದ ಅದು ಹೋಗಬೇಕು. ನೆಲಕ್ಕೆಲ್ಲ ಬಿಳಿ ಕಲ್ಲು, ಕಲ್ಲಿನ ಮೇಲೆ ಒರಗಲು ಬಾರದ ಬೆಂಚುಗಳು, ತುದಿಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು. ಬಂದವರಿಗೆ ತಾವು ಎಲ್ಲಿಗೆ ಬಂದೆವೆಂದು ಮರೆತುಹೋದೀತು ಎಂಬ ಕಾಳಜಿ ಇರಬೇಕು.

ಅವಳು ಎಲ್ಲವನ್ನೂ ಬರೆದುಕೊಂಡಳು. ಆ ಮರದ ಕೆಳಗೆ, ಅಂಚೆ ಡಬ್ಬಿಯ ಪಕ್ಕದಲ್ಲಿ ಕೈಮಷಿನ್ ಇಟ್ಟುಕೊಂಡು ಹರಿದ ಚೀಲ, ಕಿತ್ತ ಜಿಪ್ಪು, ಕೊಡೆಯ ಬಟ್ಟೆ ಹೊಲಿದುಕೊಡುವ ಹೆಂಗಸು ಅವಳ ಅಮ್ಮ. ಅಪ್ಪ ಹೋದ ಮೇಲೆ ಆ ಮಷಿನ್ನಿನ ಹಿಡಿ ತಿರುಗಿಸಿ ತಿರುಗಿಸಿಯೇ ಅಮ್ಮ ಅವಳನ್ನು ಓದಿಸಿದ್ದು. ಆಫೀಸಿನಲ್ಲಿ ಮಾತ್ರ ಅವಳು "ನಮ್ಮಮ್ಮಂದು ಸ್ವಂತ ಬಿಸಿನೆಸ್" ಎಂದು ಹೇಳಿಕೊಂಡಿದ್ದಳು. ಮಾತು ಸುಳ್ಳಲ್ಲ, ಆದರೂ ಹೇಳುವಾಗ ನಾಲಿಗೆ ತಡವರಿಸಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ಸುತ್ತಿ ಬಳಸದೆ ಕೇಳಿದಳು. "ಚೌಕ ಒಡೀತಾರಂತೆ. ನಿಮ್ಮ ಆಫೀಸಿನೋರೇ ಅಂತೆ. ನಾನೆಲ್ಲಿ ಕೂರ್ಲಿ?"

"ಹೊಸದ್ರಲ್ಲೂ ಜಾಗ ಇರತ್ತಮ್ಮ."

"ಯಾರಿಗೆ?"

"ಎಲ್ರಿಗೂ."

"ಎಲ್ರಿಗೂ ಅಂದ್ರೆ ನಂಗಿಲ್ಲ ಅಂತ ತಾನೇ? ಮೀನು ಮಾರ್ಕೆಟ್ ಒಡೆದಾಗ್ಲೂ ಹಂಗೇ ಅಂದಿದ್ರು. ಈಗಲ್ಲಿ ಕಾರು ನಿಲ್ಸ್ತಾರೆ." ಅಮ್ಮ ಒಲೆ ಸಣ್ಣ ಮಾಡಿದಳು. "ನನ್ನ ಗಿರಾಕಿಗಳು ನನ್ನ ಹುಡುಕ್ಕೊಂಡು ಮನೆಗೆ ಬರೋರಲ್ಲ ಕಣೆ. ದಾರೀಲಿ ಸಿಗ್ತೀನಿ ಅಂತ ಚೀಲ ತರ್ತಾರೆ. ಅಲ್ಲಿಂದ ಎಬ್ಬಿಸಿದ್ರೆ ನನ್ನ ಕೆಲಸ ಮುಗೀತು."

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ನಗರಸಭೆಯಲ್ಲಿ ನಕ್ಷೆಯನ್ನು ಯಾರೂ ಓದುತ್ತಿರಲಿಲ್ಲ, ಚಿತ್ರ ನೋಡಿ ತಲೆ ಆಡಿಸುತ್ತಿದ್ದರು. ಚಿತ್ರದಲ್ಲಿ ಇದ್ದದ್ದು ಮಂಜೂರಾಗುತ್ತಿತ್ತು, ಮಂಜೂರಾದದ್ದನ್ನು ಗುತ್ತಿಗೆದಾರ ಚಾಚೂ ತಪ್ಪದೆ ಕಟ್ಟುತ್ತಿದ್ದ. ಒಮ್ಮೆ ಅವಳ ಕೈತಪ್ಪಿನಿಂದ ಒಂದು ಬೆಂಚು ಕಾರಂಜಿಯ ಕೊಳದೊಳಗೆ ಬಿದ್ದಿತ್ತು. ಆ ಬೆಂಚು ಇವತ್ತಿಗೂ ನೀರಿನ ನಡುವೆಯೇ ಇದೆ, ಕಾಗೆಗಳಿಗೆ ಅನುಕೂಲವಾಗಿದೆ. ಇಂಥ ಬುದ್ಧಿವಂತರ ಕೈಯಿಂದ ಅಮ್ಮನನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಅವಳು ಅಮ್ಮ ಹೊಲಿಯುತ್ತ ಕೂತಿದ್ದಾಗ ಫೋಟೋ ತೆಗೆದು, ಮಷಿನ್ನಿನ ಸಮೇತ ಅಂಚಿಗುಂಟ ಕತ್ತರಿಸಿ, ಹೊಸ ಚೌಕದಲ್ಲಿ ಅಂಚೆ ಡಬ್ಬಿಯ ಪಕ್ಕಕ್ಕೇ ಅಂಟಿಸಿದಳು. ಮರವನ್ನು ಉಳಿಸಲು ಆಗಲಿಲ್ಲ. ಅದನ್ನು ಅವಳೇ ಅಳಿಸಿದಳು, ಒಂದು ಗುಂಡಿ ಒತ್ತಿದರೆ ಆಗುವ ಕೆಲಸ.

ಕೂಲಿಂಗ್ ಗ್ಲಾಸು ಚಿತ್ರದ ಮುಂದೆ ಬಹಳ ಹೊತ್ತು ನಿಂತ. "ಯಾರಿದು?"

"ಅಲ್ಲಿ ರಿಪೇರಿ ಮಾಡ್ತಾರೆ ಸಾರ್," ಎಂದಳು. ನಮ್ಮಮ್ಮ ಎನ್ನಲು ಅದೇ ಸರಿಯಾದ ಗಳಿಗೆಯಾಗಿತ್ತು. ಆ ಗಳಿಗೆಯನ್ನು ಅವಳು ದಾಟಿಹೋಗಲು ಬಿಟ್ಟಳು.

"ಏನ್ ಮುಖ ರೀ ಇದು. ಈ ಊರಿನ ಆತ್ಮಾನೇ ಇದೆ ಇದ್ರಲ್ಲಿ. ಬಲೂನ್ ಹುಡುಗೀನ ತೆಗೀರಿ, ಇವ್ರನ್ನ ದೊಡ್ಡದು ಮಾಡಿ."

ನಗರಸಭೆಯ ಕಮಿಷನರ್ ಕೂಡ ಅದೇ ಮುಖದ ಮೇಲೆ ಬೆರಳಿಟ್ಟು, "ಬೇರೆ ಏನ್ ಬಿಟ್ರೂ ಈ ಹೆಂಗಸು ಇರ್ಲೇಬೇಕು," ಎಂದು ಸಹಿ ಹಾಕಿದರು. ಮಗಳು ಅವತ್ತು ಮನೆಗೆ ಓಡುತ್ತಲೇ ಹೋದಳು. "ಪಾಸಾಯ್ತಮ್ಮ. ನಿನ್ನ ಜಾಗ ಯಾರೂ ಮುಟ್ಟಲ್ಲ." ಅಮ್ಮ ಕೈಲಿದ್ದ ಕತ್ತರಿ ಕೆಳಗಿಟ್ಟು ಅವಳ ತಲೆ ಸವರಿದಳು. ಮಗಳನ್ನು ಓದಿಸಿದ್ದು ಸಾರ್ಥಕವಾಯಿತು ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡಳು.

ಚೌಕದ ಸುತ್ತ ತಗಡಿನ ಬೇಲಿ ಬಂತು. ಬೇಲಿಯ ಮೇಲೆ ಅದೇ ಚಿತ್ರವನ್ನು ಗೋಡೆಯಗಲ ಅಚ್ಚು ಹಾಕಿಸಿ ಅಂಟಿಸಿದರು. ಒಳಗೆ ಮರ ಕಡಿಯುವ ಸದ್ದು, ಹೊರಗೆ ನಗುತ್ತಿರುವ ಅಮ್ಮ. ಅಮ್ಮ ಮಷಿನ್ನನ್ನು ತಾವಿದ್ದ ಕಟ್ಟಡದ ಮೆಟ್ಟಿಲ ಕೆಳಗೆ ಇಟ್ಟುಕೊಂಡು ಕೂತಳು. ಅವಳು ಹೇಳಿದ್ದ ಹಾಗೆಯೇ ಅಲ್ಲಿಗೆ ನೊಣ ಕೂಡ ಬರಲಿಲ್ಲ. ಆದರೂ ಆಕೆ ಕೊರಗಲಿಲ್ಲ. ಬೇಸರವಾದಾಗ ಬೇಲಿಯವರೆಗೆ ನಡೆದು ಹೋಗಿ, ಸಿಕ್ಕಿದವರಿಗೆ ಚಿತ್ರ ತೋರಿಸಿ, "ಸ್ವಲ್ಪ ದಿನ ತಡ್ಕೊಳಿ, ವಾಪಸ್ ಬರ್ತೀನಿ. ಸರ್ಕಾರದೋರೇ ಒಪ್ಪಿದಾರೆ," ಎನ್ನುತ್ತಿದ್ದಳು.

ಉದ್ಘಾಟನೆಯ ಹಿಂದಿನ ದಿನ ಮಗಳು ಚೌಕಕ್ಕೆ ಹೋದಾಗ ಕ್ರೇನಿನ ಕೊಂಡಿಯಿಂದ ಅಮ್ಮ ಇಳಿಯುತ್ತಿದ್ದಳು. ಕಂಚಿನ ಅಮ್ಮ, ಕಂಚಿನ ಮಷಿನ್ನು, ಮಡಿಲಲ್ಲಿ ಕಂಚಿನ ಕೊಡೆ. ಮೂಗನ್ನು ಸ್ವಲ್ಪ ನೆಟ್ಟಗೆ ಮಾಡಿದ್ದರು, ಸೊಂಟವನ್ನು ಅರ್ಧಕ್ಕೆ ಇಳಿಸಿದ್ದರು. ಅದನ್ನು ಅಂಚೆ ಡಬ್ಬಿಯ ಪಕ್ಕದಲ್ಲಿ, ಚಿತ್ರದಲ್ಲಿದ್ದ ಅದೇ ಜಾಗದಲ್ಲಿ ಕೂರಿಸಿ ಬೋಲ್ಟು ಬಿಗಿದರು.

"ಸಾರ್, ನಾನು ಚಿತ್ರದಲ್ಲಿ ಹಾಕಿದ್ದು ಮನುಷ್ಯರನ್ನ," ಎಂದಳು.

"ಮನುಷ್ಯರಾದ್ರೆ ಇವತ್ತು ಬರ್ತಾರೆ, ನಾಳೆ ಬರಲ್ಲ. ಕಸ ಮಾಡ್ತಾರೆ. ಮೆಂಟೆನೆನ್ಸ್ ಕಷ್ಟ," ಎಂದ ಕೂಲಿಂಗ್ ಗ್ಲಾಸು.

"ಅದು ನಮ್ಮಮ್ಮ, ಸಾರ್. ನಾಳೆಯಿಂದ ಅವ್ರು ಇಲ್ಲಿ ಬಂದು ಕೂರ್ಬೇಕು."

ಅವಳು ಕಂಡಂತೆ ಆತ ಮೊದಲ ಸಲ ಕನ್ನಡಕ ತೆಗೆದ. ಬಿಳಿ ಕಲ್ಲಿನ ಝಳ ಕಣ್ಣಿಗೆ ಹೊಡೆದು ತಕ್ಷಣ ಮತ್ತೆ ಹಾಕಿಕೊಂಡ. "ಮೊದ್ಲೇ ಹೇಳ್ಬಾರ್ದಾ? ಖಂಡಿತ ಕರ್ಕೊಂಡ್ ಬನ್ನಿ. ಪೇಪರಿನೋರಿಗೆ ಒಳ್ಳೇ ಸುದ್ದಿ. ಆದ್ರೆ ಕೂರೋದು ಗೀರೋದು ಬೇಡ. ಎರಡೆರಡು ಆಗ್ಬಿಡತ್ತೆ."

ಅಷ್ಟರಲ್ಲಿ ಪ್ರತಿಮೆಯ ಮೇಲೆ ಕೈಯಿಟ್ಟ ಕೆಲಸಗಾರನೊಬ್ಬ ಚೀರಿ ಕೈ ಹಿಂದಕ್ಕೆಳೆದುಕೊಂಡ. ಬಿಸಿಲಿಗೆ ಕಂಚು ಕಾದ ಬಾಣಲೆಯಾಗಿತ್ತು. ನಾಳೆ ಕಮಿಷನರು ಅದರ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುವವರಿದ್ದರು. ಅವರ ಕೈ ಸುಡುತ್ತದೆಂದು ಗೊತ್ತಾದ ಕೂಡಲೇ ಫೋನುಗಳು ಓಡಾಡಿ, ಸಂಜೆಯೊಳಗೆ ಪ್ರತಿಮೆಯ ನೆತ್ತಿಗೆ ಚೆಂದದ ಚಪ್ಪರ ಬಂತು. ಜೀವ ಇದ್ದವರ ತಲೆಗೆ ಒಂದು ಮೊಳ ನೆರಳು ಕೊಡಿ ಎಂದರೆ ಬಜೆಟ್ ಇಲ್ಲ ಎಂದಿದ್ದ ಮಹಾನುಭಾವರೇ ಅದನ್ನು ಕಟ್ಟಿಸಿದ್ದು.

ಊಟದ ಹೊತ್ತಿಗೆ ಹೇಳಿಬಿಡಬೇಕೆಂದು ಅವಳು ಮನೆಗೆ ಬಂದಳು. ಅಮ್ಮ ನೆಲದ ಮೇಲೆ ಕೂತು ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಹೊಸ ದಾರದ ಉಂಡೆಗಳನ್ನು ಡಬ್ಬಿಗೆ ತುಂಬಿಟ್ಟಿದ್ದಳು. ಮಗಳು ಊಟ ಮಾಡಿದಳು, ತಟ್ಟೆ ತೊಳೆದಳು, ಹೋಗಿ ಮಲಗಿಕೊಂಡಳು. ಇದಕ್ಕೆ ಹೇಡಿತನವೆಂದಲ್ಲದೆ ಬೇರೆ ಹೆಸರಿಲ್ಲ, ಅದು ಅವಳಿಗೂ ಗೊತ್ತಿತ್ತು.

ಮರುದಿನ ಭಾಷಣಗಳು ಮುಗಿಯುವ ಹೊತ್ತಿಗೆ ಬೆಂಚುಗಳ ಮೇಲೆ ಒಬ್ಬರೂ ಇರಲಿಲ್ಲ. ಜನವೆಲ್ಲ ಅಂಚೆ ಕಚೇರಿಯ ಗೋಡೆಗೆ ಅಂಟಿಕೊಂಡು ನಿಂತಿತ್ತು. ಅಮ್ಮ ಮಷಿನ್ನನ್ನು ಎದೆಗೆ ಅವುಚಿಕೊಂಡು ಬಂದಳು. ಪ್ರತಿಮೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಚಪ್ಪರದ ನೆರಳಿನಲ್ಲಿ ಅದರ ಪಕ್ಕಕ್ಕೇ ಕೂತು ಮಷಿನ್ ಇಳಿಸಿದಳು. ಗೋಡೆಯ ಕಡೆಯಿಂದ ಒಬ್ಬ ಹೆಂಗಸು ದಡದಡ ಬಂದು, "ಅಬ್ಬಾ, ಬಂದ್ರಲ್ಲ ಸದ್ಯ," ಎನ್ನುತ್ತ ಜಿಪ್ಪು ಕಿತ್ತ ಚೀಲವನ್ನು ಮುಂದಿಟ್ಟಳು. ಹಿಡಿ ತಿರುಗಿತು.

ಮೊಬೈಲು ಹಿಡಿದಿದ್ದ ಒಬ್ಬ ಯುವಕ ಬಾಗಿ ಬಹಳ ಮರ್ಯಾದೆಯಿಂದ ಹೇಳಿದ. "ಅಮ್ಮಾ, ಸ್ವಲ್ಪ ಆ ಕಡೆ ಹೋಗ್ತೀರಾ? ನೀವು ಅಡ್ಡ ಕೂತಿದೀರಿ, ಅವ್ರು ಕಾಣಿಸ್ತಿಲ್ಲ."

ಕೂಲಿಂಗ್ ಗ್ಲಾಸು ದೂರದಿಂದಲೇ ಮಗಳಿಗೆ ಕೈಸನ್ನೆ ಮಾಡಿದ. ಅಮ್ಮನನ್ನು ಎಬ್ಬಿಸಲು ಹೊರಟ ಚೌಕದ ಕಾವಲುಗಾರ ಮಗಳನ್ನು ನೋಡಿ ತಡೆದು ನಿಂತ. ಅಮ್ಮನೂ ಹಿಡಿ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಮಗಳು ಹತ್ತಿರ ಹೋಗಿ ಮೊಣಕಾಲೂರಿ ಕೂತು, "ಬಾಮ್ಮ, ಮನೆಗೆ ಹೋಗೋಣ," ಎಂದಳು.

"ನಿಂಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

ಅಮ್ಮ ಸೂಜಿಯಲ್ಲಿದ್ದ ದಾರವನ್ನು ಕಡಿದಳು. ಮಗಳು ಮಷಿನ್ನನ್ನು ಎತ್ತಿಕೊಂಡಳು, ಅಮ್ಮ ದಾರದ ಡಬ್ಬಿ ಹಿಡಿದಳು. ಇಬ್ಬರೂ ಬಿಸಿಲಿನ ಬಿಳಿ ಕಲ್ಲಿನ ಮೇಲೆ ನಡೆದರು. ಹಿಂದೆಯೇ ಆ ಹೆಂಗಸು ಅರ್ಧ ಹೊಲಿದ ಚೀಲ ಹಿಡಿದು ಓಡಿಬಂದಳು.

"ಹಿಂಗೆ ಮಧ್ಯಕ್ಕೆ ಬಿಟ್ಟು ಹೋದ್ರೆ ಹೆಂಗೆ? ಇನ್ಮೇಲೆ ಎಲ್ಲಿ ಕೂರ್ತೀರಿ ನೀವು?"

"ಇವಳ್ನ ಕೇಳಮ್ಮ," ಎಂದಳು ಅಮ್ಮ, ನಡಿಗೆ ನಿಲ್ಲಿಸದೆ. "ಯಾರ್ಯಾರು ಎಲ್ಲೆಲ್ಲಿ ಕೂರ್ಬೇಕು ಅಂತ ಗೊತ್ತು ಮಾಡೋಳು ಇವಳೇ."

ಆ ಹೆಂಗಸು ಅದನ್ನು ನಿಜವೆಂದೇ ನಂಬಿ, ಬಾಯ್ತೆರೆದ ಚೀಲವನ್ನು ಹಿಡಿದುಕೊಂಡು, ಉತ್ತರಕ್ಕಾಗಿ ಮಗಳ ಮುಖ ನೋಡುತ್ತ ನಿಂತಳು.